ಹೆತ್ತವರ ರುಜು

ಗುರುವಾರ ಬೆಳಿಗ್ಗೆ ಹದಿನೇಳರ ಮರಿಕಾರ್ ತನ್ನ ಒಂಬತ್ತು ತಿಂಗಳ ಮಗನನ್ನು ಸೊಂಟಕ್ಕೇರಿಸಿಕೊಂಡು ನಮ್ಮ ಊರಿನ, ಅಂದರೆ ಬಾರಂಗಾಯ್‌ನ, ಆರೋಗ್ಯ ಕೇಂದ್ರಕ್ಕೆ ಹೋದಳು. ಮಗುವಿಗೆ ದಡಾರದ ಸೂಜಿ. ‘ಹೆತ್ತವರ ರುಜು’ ಎಂದಿದ್ದ ಕಡೆ ಗುಂಡಗೆ ರುಜು ಹಾಕಿದಳು. ಮಗು ಅತ್ತಿತು, ಸುಮ್ಮನಾಯಿತು. ಆಮೇಲೆ ಅದೇ ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿ, ತನಗೂ ಒಂದು ಸೂಜಿ ಬೇಕೆಂದಳು: ಮೂರು ತಿಂಗಳು ಬಸಿರು ನಿಲ್ಲದಂತೆ ಕಾಯುವಂಥದ್ದು.

“ನಿಂಗೆ ಹದಿನೆಂಟು ತುಂಬಿಲ್ವಲ್ಲಮ್ಮ. ಹೆತ್ತವರ ರುಜು ಬೇಕು,” ಎಂದಳು ನರ್ಸ್ ಲೂರ್ದೆಸ್.

“ಈಗ ತಾನೇ ಹಾಕಿದ್ನಲ್ಲಕ್ಕಾ?”

“ಅದು ಮಗು ವಿಷಯಕ್ಕೆ. ನಿನ್ನ ವಿಷಯಕ್ಕೆ ಬಂದ್ರೆ ನೀನೇ ಮಗು. ನಾಲ್ಕು ಗಂಟೆಯೊಳಗೆ ಕರ್ಕೊಂಡು ಬಾ. ನನ್ನ ಕಣ್ಣೆದುರೇ ಹಾಕ್ಬೇಕು. ಈ ಸೂಜಿ ಕೊಡೋದು ತಿಂಗಳಿಗೆ ಒಂದೇ ದಿನ.”

ಮರಿಕಾರ್ ಒಪ್ಪಿಗೆಯ ಕಾಗದ ತಂದು ಅಪ್ಪನ ಮುಂದಿಟ್ಟಾಗ ಎರ್ನಾನಿ ಬೆಳ್ಳುಳ್ಳಿ ಅನ್ನಕ್ಕೆ ಒಣಮೀನು ಮುರಿದುಕೊಳ್ಳುತ್ತಿದ್ದ. ಬೈಕಿಗೆ ಪಕ್ಕದ ಬಂಡಿ ಕಟ್ಟಿದ ಬಾಡಿಗೆ ಟ್ರೈಸಿಕಲ್ ಓಡಿಸುವವನು, ತಿರುವಿನಲ್ಲಿ ಎಮ್ಮೆ ನಿಂತಿದ್ದರೂ ಅದಕ್ಕೇ ದಾರಿ ಬಿಡುವ ಸಾಧು. ಕಾಗದ ಓದಿ ಕಿವಿವರೆಗೂ ಕೆಂಪಾದ.

“ಜೂನ್‌ಗೆ ಸ್ಕೂಲು ಶುರು, ಅಪ್ಪ. ಹನ್ನೆರಡನೇ ಕ್ಲಾಸು ಮುಗಿಸ್ಲೇಬೇಕು. ಇನ್ನೊಂದು ಬಂದ್ರೆ ನನ್ನ ಓದು ಅಲ್ಲಿಗೇ ಮುಗೀತು.”

ಮಗುವಿನ ಅಪ್ಪನೇನೂ ಓಡಿಹೋಗಿರಲಿಲ್ಲ. ಮದುವೆಯಾಗುತ್ತೇನೆಂದು ಹೇಳಲು ದಿನವೂ ಬರುತ್ತಿದ್ದ, ಬಂದವನು ಊಟ ಮಾಡಿ ಹೋಗುತ್ತಿದ್ದ. ಎರ್ನಾನಿ ಮೊಮ್ಮಗನನ್ನು ನೋಡಿದ, ಮಗಳನ್ನು ನೋಡಿದ. ಅವನ ಬೆನ್ನಿಗೆ ಎಲ್ಲಿಂದಲೋ ಒಂದು ಮೂಳೆ ಬಂತು.

“ಆಯ್ತು. ಸೂರ್ಯ ಪಡುವಣದಲ್ಲಿ ಹುಟ್ಟಿದ್ರೂ ಇವತ್ತು ರುಜು ಹಾಕೇ ಹಾಕ್ತೀನಿ. ಆದ್ರೆ ನಿಮ್ಮಜ್ಜಿ ಕಿವಿಗೆ ಬೀಳಬಾರ್ದು.”

ಅಜ್ಜಿ ಕ್ರಿಸಾಂತಾ ಎಂದರೆ ಎರ್ನಾನಿಯ ಅತ್ತೆ. ಆಗ ಅಡುಗೆಮನೆಯಲ್ಲಿ ಒಲೆಯ ಮುಂದೆ ಮೀನು ತಿರುವಿಹಾಕುತ್ತಿದ್ದಳು. ಅವಳ ಮಗಳು ದಿವಿನಾ, ಮರಿಕಾರಳ ತಾಯಿ, ಕುವೈತಿನಲ್ಲಿ ಮನೆಗೆಲಸಕ್ಕಿದ್ದಳು. ಕ್ರಿಸಾಂತಾ ಊರಿನ ಜಪಸರದ ಸಂಘದ ಅಧ್ಯಕ್ಷೆ. ಬಸಿರು ತಡೆಯುವ ಮಾತ್ರೆಯ ವಿರುದ್ಧ ಅವಳು ಕಟ್ಟಿಸಿದ ಬ್ಯಾನರು ಚರ್ಚಿನ ಬಾಗಿಲಲ್ಲಿ ಮಾಸಿದಂತೆಲ್ಲ ಹೊಸದಾಗುತ್ತಿತ್ತು.

ಕಾಗದವನ್ನು ಅಂಗಿಯ ಜೇಬಿಗೆ ತುರುಕಿ, ಅತ್ತೆ ಮಧ್ಯಾಹ್ನದ ನಿದ್ದೆಗೆ ಜಾರಿದ ಮೇಲೆ ಮಗಳನ್ನೂ ಮೊಮ್ಮಗನನ್ನೂ ಕೂರಿಸಿಕೊಂಡು ಎರ್ನಾನಿ ಗಾಡಿ ಹೊರಡಿಸಿದ. ಮೂಲೆಯಲ್ಲೇ ಪೂರಿಂಗಕ್ಕ ಕೈ ಅಡ್ಡ ಹಿಡಿದಳು. ಸಂಘದ ಉಪಾಧ್ಯಕ್ಷೆ, ಹತ್ತಿಸಿಕೊಳ್ಳದಿದ್ದರೆ ಅನುಮಾನ, ಹತ್ತಿಸಿಕೊಂಡರೆ ಅಪಾಯ. ಹತ್ತಿಸಿಕೊಂಡ. ಮಗುವಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಎದುರಿಗಿದ್ದವರಿಗೆ ದಾನ ಮಾಡುವ ವಯಸ್ಸು. ತಾತನ ಜೇಬಿಗೆ ಕೈ ಹಾಕಿ, ಕಾಗದ ಎಳೆದು, ನಗುನಗುತ್ತ ಪೂರಿಂಗಕ್ಕನಿಗೆ ಕೊಟ್ಟಿತು.

“ಮಾತೆ ಮರಿಯಮ್ಮಾ! ನಿಲ್ಸೋ ಗಾಡಿ!”

ಗಾಡಿ ನಿಂತದ್ದು ಸರಿಯಾಗಿ ಟ್ರೈಸಿಕಲ್ ಸ್ಟ್ಯಾಂಡಿನ ಎದುರು.

“ಏನ್ ಪೂರಿಂಗಕ್ಕ, ಬಾಡಿಗೆ ಜಾಸ್ತಿ ಕೇಳಿದ್ನಾ?” ಎಂದ ಒಬ್ಬ ಚಾಲಕ.

“ಬಾಡಿಗೆಯಂತೆ ಬಾಡಿಗೆ! ಹಸುಗೂಸಿನಂಥ ಮಗಳಿಗೆ ಇವನು ಸೂಜಿ ಹಾಕಿಸ್ತಾನಂತೆ!”

“ಹಸುಗೂಸು ಆಗ್ಲೇ ಒಂದು ಹಸುಗೂಸು ಹೆತ್ತಾಗಿದೆಯಲ್ಲಕ್ಕ,” ಎಂದ ಇನ್ನೊಬ್ಬ. ಸ್ಟ್ಯಾಂಡು ಗೊಳ್ಳೆಂದಿತು. ಪೂರಿಂಗಕ್ಕ ಕಾಗದ ಬಿಸುಟು, ಹಾಗೆಂದವನದೇ ಗಾಡಿ ಹತ್ತಿ ಕ್ರಿಸಾಂತಾಳ ಮನೆ ಕಡೆ ಹೊರಟಳು. ಮರಿಕಾರ್ ಕಾಗದ ಹೆಕ್ಕಿಕೊಂಡಳು.

ಗದ್ದಲ ಕೇಳಿ ಊರಿನ ಮುಖಂಡ, ಬಾರಂಗಾಯ್ ಕ್ಯಾಪ್ಟನ್, ಕಚೇರಿಯಿಂದ ಹೊರಬಂದ. ಮುಂದಿನ ವರ್ಷ ಚುನಾವಣೆ ಇದ್ದುದರಿಂದ ಎಲ್ಲರ ಹೆಗಲ ಮೇಲೂ ಕೈ ಹಾಕುತ್ತಿದ್ದ. “ಬೀದೀಲಿ ಬೇಡ ತಮ್ಮಾ, ಒಳಗೆ ಬಾ, ಗುಟ್ಟಾಗಿ ಮಾತಾಡೋಣ,” ಎಂದು ಎರ್ನಾನಿಯನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ನಾಯಿಗಳಿಗೆ ಹುಚ್ಚಿನ ಸೂಜಿ ಹಾಕಿಸಿರೆಂದು ಆಗಷ್ಟೇ ಸಾರಿದ್ದ ಮೈಕು ಮೇಜಿನ ಮೇಲೆ ಇನ್ನೂ ಎಚ್ಚರವಾಗಿಯೇ ಇತ್ತು.

ಹೀಗಾಗಿ ಮುಂದಿನ ಗುಟ್ಟನ್ನು ತೆಂಗಿನ ಮರಗಳ ಮೇಲಿನ ಆರು ಸ್ಪೀಕರುಗಳಲ್ಲಿ ಇಡೀ ಬಾರಂಗಾಯ್ ಕೇಳಿತು.

“ನೋಡು ತಮ್ಮಾ, ಈ ಸೂಜಿಗೀಜಿ ಕೊಟ್ರೆ ಹುಡುಗೀರು ಕೆಡ್ತಾರೆ. ಶಿಸ್ತು ಹೇಳ್ಕೊಡೋಣ.”

“ನೀವು ಹೇಳ್ಕೊಟ್ಟ ಶಿಸ್ತಿಗೆ ಈಗ ಒಂಬತ್ತು ತಿಂಗಳು ಕ್ಯಾಪ್ಟನ್ನೇ. ಎರಡು ಹಲ್ಲೂ ಬಂದಿವೆ.”

“ಜನ ಏನಂತಾರೋ?”

“ಜನ ಅವಳ ಹೋಮ್‌ವರ್ಕ್ ಮಾಡ್ಕೊಡ್ತಾರಾ? ನಾಯಿಗೆ ಸೂಜಿ ಹಾಕೋಕೆ ಯಾರ ರುಜೂನೂ ಕೇಳಲ್ಲ, ಮೈಕಲ್ಲಿ ಕರ್ದು ಹಾಕ್ತೀರಿ! ನಾನು ಅವಳಪ್ಪ. ರುಜು ನಂದು. ಅಡ್ಡ ಬರೋರು ಬರ್ಲಿ, ನೋಡೇಬಿಡ್ತೀನಿ!”

ಹೊರಬಂದಾಗ ರಸ್ತೆ ತುಂಬ ಜನ. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಶಿಲುಬೆಯ ಗುರುತು ಹಾಕಿಕೊಂಡರು. ಎರಡನ್ನೂ ಮಾಡಿದವರೂ ಇದ್ದರು. ಎರ್ನಾನಿ ಯಾರ ಮುಖವನ್ನೂ ನೋಡಲಿಲ್ಲ. ಗಾಡಿ ಹೂಂ ಎನ್ನಲಿಲ್ಲ, ತಳ್ಳಿಕೊಂಡೇ ನಡೆದ. ಮರಿಕಾರ್ ಮಗುವನ್ನೆತ್ತಿಕೊಂಡು ಹಿಂದೆ, ಅವಳ ಹಿಂದೆ ಅರ್ಧ ಊರು. ಹೆಣವಿಲ್ಲದ ಶವಯಾತ್ರೆಯಂತೆ ಮೆರವಣಿಗೆ ಆರೋಗ್ಯ ಕೇಂದ್ರ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಬಾಗಿಲಲ್ಲಿ ಸಂಘದ ಹದಿನಾಲ್ಕು ಹೆಂಗಸರು ಜಪಸರ ಹಿಡಿದು ನಿಂತಿದ್ದರು. ನಡುವೆ ಕ್ರಿಸಾಂತಾ, ಕೈಯಲ್ಲಿ ಕೊಡೆ.

“ದಾರಿ ಬಿಡಿ ಅತ್ತೆ,” ಎಂದ ಎರ್ನಾನಿ. ಹದಿನೆಂಟು ವರ್ಷದಲ್ಲಿ ಅತ್ತೆಗೆ ಅವನು ಮಾಡಿದ ಮೊದಲ ಆಜ್ಞೆ. ಆಶ್ಚರ್ಯದಲ್ಲಿ ಅವಳು ಬಿಟ್ಟಳು.

ಒಳಗೆ ಹೋಗಿ ಪೆನ್ನು ಕೇಳಿ, ಹೆಸರನ್ನು ಪೂರ್ತಿ ಬಿಡಿಸಿ, ಕೆಳಗೆರಡು ಗೆರೆ ಎಳೆದು ರುಜು ಹಾಕಿದ. ಕಿಟಕಿಗಳಲ್ಲಿ ಮುಖಗಳು ಗೊಂಚಲುಗಟ್ಟಿದ್ದವು. ಲೂರ್ದೆಸ್ ಕಾಗದದ ಪಕ್ಕ ಮರಿಕಾರಳ ಜನನಪತ್ರ ಇಟ್ಟು ನೋಡಿದಳು. ಕನ್ನಡಕ ತೆಗೆದಳು.

“ಎರ್ನಾನಿ, ನೀನೂ ದಿವಿನಾನೂ ಮದುವೆ ಆಗಿದ್ದು ಯಾವಾಗ?”

“ಮದುವೆ... ಪ್ರತಿ ವರ್ಷ ಆಗ್ಬೇಕು ಅಂತ ಹಂದಿ ಸಾಕ್ತಿದ್ವಿ. ಪ್ರತಿ ವರ್ಷ ಬೇರೆ ಯಾರದೋ ಮದುವೆ ಊಟಕ್ಕೆ ಆ ಹಂದಿ ಹೋಗ್ಬಿಡ್ತಿತ್ತು.”

“ಹಾಗಾದ್ರೆ ಕಾನೂನಿನ ಪ್ರಕಾರ ಇವಳ ಮೇಲೆ ಅಧಿಕಾರ ತಾಯಿದು. ನಿನ್ನ ರುಜು ನಡೆಯಲ್ಲ.”

“ಅವಳು ಕುವೈತಲ್ಲಿದಾಳಲ್ಲ!”

“ಅಂಥಾ ಹೊತ್ತಲ್ಲಿ ಅಜ್ಜಿ ಹಾಕ್ಬಹುದು.”

ಕಿಟಕಿಯ ಮುಖಗಳೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಮರಿಕಾರ್ ಎದ್ದು ನಿಂತು, ಪೆನ್ನನ್ನು ಅಜ್ಜಿಯ ಕಡೆ ಚಾಚಿದಳು.

ಕ್ರಿಸಾಂತಾ ಪೆನ್ನು ನೋಡಿದಳು. ಹಿಂದೆ ನಿಂತ ಹದಿಮೂರು ಜಪಸರಗಳನ್ನು ನೋಡಿದಳು. ಕೊಡೆಯನ್ನು ನೆಲಕ್ಕೆ ಕುಟ್ಟಿ, “ನನ್ನ ಹೆಣ ಬಿದ್ರೂ ಇಂಥಾ ಕಾಗದಕ್ಕೆ ರುಜು ಹಾಕಲ್ಲ!” ಎಂದು ಗುಡುಗಿದಳು.

“ಆಮೆನ್!” ಎಂದಿತು ಸಂಘ. ಇನ್ನು ಮೇಲೆ ಪ್ರತಿ ತಿಂಗಳು ಈ ದಿನ ಕ್ರಿಸಾಂತಾಳ ಮುಂದಾಳತ್ವದಲ್ಲಿ ಇಲ್ಲೇ ಕುರ್ಚಿ ಹಾಕಿ ಕಾವಲು ಕೂರುವುದೆಂದು ಪೂರಿಂಗಕ್ಕ ಅಲ್ಲೇ ಘೋಷಿಸಿದಳು. ಲೂರ್ದೆಸ್ ಸೂಜಿಯ ಪೆಟ್ಟಿಗೆಗೆ ಬೀಗ ಹಾಕಿದಳು.

ಕ್ರಿಸಾಂತಾ ನೇರ ಎರ್ನಾನಿಯ ಬಳಿ ಬಂದು ಅವನ ಕಿವಿ ಹಿಂಡಿದಳು. ಜನ ಮೆಚ್ಚಿ ನೋಡುತ್ತಿದ್ದಂತೆ ಕಿವಿಯನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡು ಪಿಸುಗುಟ್ಟಿದಳು:

“ಲೋ ಪೆದ್ದಾ, ಒಂಬತ್ತು ಹೆತ್ತಿದೀನಿ, ನಂಗೆ ಗೊತ್ತಿಲ್ವೇನೋ ಅದರ ಕಷ್ಟ? ಬೆಳಿಗ್ಗೆ ಒಲೆ ಮುಂದೆ ಒಂದ್ ಮಾತು ಹೇಳಿದ್ರೆ ಇಲ್ಲಿನ ಹಿತ್ತಲ ಬಾಗಿಲಿಂದ ಬಂದು ಹಾಕಿ ಹೋಗಿರ್ತಿದ್ದೆ. ಮೈಕು ಕಟ್ಟಿಸ್ಕೊಂಡು ಮೆರೆದ್ಯಲ್ಲ, ಈಗ ಯಾವ ಕೈಲಿ ಹಾಕ್ಲೋ?”