ಸವರುವುದೋ, ಕಡಿಯುವುದೋ

ಹೆಂಡತಿ: ನಾನು ಬಂದಿರೋದು ಬೇಲಿ ಸವರೋ ಮಿಷನ್‌ಗೆ. ನಿಮ್ಮ ಉದ್ದ ಕೋಲಿಗಲ್ಲ.

ಗಡಿಯಾರದವರು: ಸವರೋದಕ್ಕೆ ಮಿಷನ್ ಯಾಕೆ? ಅಂಗೈ ಸಾಕು. ಬೇಲಿ ಮುಂದೆ ನಿಂತ್ಕೊಂಡು, ಬೆಕ್ಕಿನ ಬೆನ್ನು ಸವರಿದ ಹಾಗೆ ಮೆತ್ತಗೆ ಸವರು. ಅದಕ್ಕೂ ಖುಷಿ, ನಿನಗೂ ಖುಷಿ.

ಹೆಂಡತಿ: ಸವರೋದು ಅಂದ್ರೆ ಕತ್ತರಿಸೋದು. ಮೂವತ್ತೆಂಟು ವರ್ಷದಿಂದ ಹೇಳ್ತಾನೇ ಇದ್ದೀನಿ.

ಗಡಿಯಾರದವರು: ಅದು ನಿನ್ನ ತವರಲ್ಲಿ. ನಮ್ಮ ಬೆಂಚಿನ ಮೇಲೆ ಸವರೋದು ಅಂದ್ರೆ ಎಣ್ಣೆ.

ತೋಟದ ಸಾಮಾನಿನ ಅಂಗಡಿಯಲ್ಲಿ, ಗಲ್ಲೆಯ ಮುಂದೆ ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಯಜಮಾನರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿ ಮೂರು ವರ್ಷವಾದರೂ ಬೀದಿಗೆಲ್ಲ ಇನ್ನೂ 'ಗಡಿಯಾರದವರು'. ಬೆಂಚನ್ನು ಮನೆಗೆ ತಂದು ಹಿತ್ತಲ ಕಿಟಕಿಯ ಕೆಳಗೆ ಹಾಕಿಕೊಂಡಿದ್ದರು. ಸೂಜಿಯ ಮೊನೆಯಲ್ಲಿ ಒಂದು ಹನಿ ಎಣ್ಣೆ ತೆಗೆದು ಚಕ್ರದ ಅಚ್ಚಿಗೆ ಮುಟ್ಟಿಸುವುದಕ್ಕೆ ಅವರ ಕಸುಬಿನಲ್ಲಿ ಸವರುವುದು ಎಂದು ಹೆಸರು. ಹೆಂಡತಿಯ ತವರಿನಲ್ಲಿ ದೊಡ್ಡ ತೋಟವಿತ್ತು. ಅಲ್ಲಿ ಬೇಲಿ, ಕೊಂಬೆ, ಪೊದೆ, ಯಾವುದನ್ನು ಕತ್ತರಿಸಿದರೂ ಸವರುವುದೇ. ಮದುವೆಯಾದಾಗಿನಿಂದ ಎಷ್ಟೋ ವಿಷಯಗಳಲ್ಲಿ ಇಬ್ಬರಿಗೂ ರಾಜಿಯಾಗಿತ್ತು. ಈ ಒಂದು ಮಾತಿನಲ್ಲಿ ಆಗಿರಲಿಲ್ಲ.

ಮನೆಯಿಂದ ಹೊರಡುವಾಗ ಒಂದೇ ಒಂದು ಒಪ್ಪಂದವಾಗಿತ್ತು: ಅಟ್ಟದಲ್ಲಿ ಒಂದಕ್ಕೇ ಜಾಗ, ಆದ್ದರಿಂದ ಒಂದೇ ಯಂತ್ರ. ಯಾವುದು ಎಂಬುದನ್ನು ಅಂಗಡಿಯಲ್ಲಿ ನೋಡೋಣವೆಂದು ಬಿಟ್ಟಿದ್ದರು. ಈಗ ನೋಡುತ್ತಿದ್ದರು.

ಅಂಗಡಿಯಾಕೆಗೆ ಐವತ್ತರ ಆಸುಪಾಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಮುಖದಲ್ಲಿ ಯಾವ ಭಾವವನ್ನೂ ತೋರದೆ ಎರಡು ಯಂತ್ರಗಳನ್ನು ಗಲ್ಲೆಯ ಮೇಲೆ ಇಟ್ಟಳು.

ಅಂಗಡಿಯಾಕೆ: ಅಕ್ಕಾ, ಇದು ಬೇಲಿ ಟ್ರಿಮ್ಮರ್. ಎರಡು ಸಾಲು ಹಲ್ಲು, ಸಣ್ಣ ಕಡ್ಡಿ, ಎಲೆ, ಚಿಗುರು ಸವರುತ್ತೆ. ಯಜಮಾನ್ರೇ, ಇದು ಕೋಲು ಗರಗಸ. ತುದೀಲಿ ಸರಪಳಿ ಗರಗಸ ಇದೆ. ನೆಲದ ಮೇಲೆ ನಿಂತೇ ಎತ್ತರದ ಕೊಂಬೆ ಕಡೀಬಹುದು. ಕೊಂಬೇನ ಟ್ರಿಮ್ಮರಲ್ಲಿ ಸವರೋಕಾಗಲ್ಲ, ಬೇಲೀನ ಗರಗಸದಲ್ಲಿ ಕಡಿಯೋಕಾಗಲ್ಲ.

ಗಡಿಯಾರದವರು: ಕೇಳಿಸ್ತಾ? ಸವರೋದು ಬೇರೆ, ಕಡಿಯೋದು ಬೇರೆ.

ಹೆಂಡತಿ: ಎಲೆ ಸವರುತ್ತೆ ಅಂದ್ರು. ಎಲೆಗೆ ಎಣ್ಣೆ ಹಚ್ಚುತ್ತೆ ಅನ್ನಲಿಲ್ಲ.

ಗಡಿಯಾರದವರು: ಅಂಗಡಿಯವರು ಹಾಗೇ ಹೇಳೋದು. ಸವರೋದ್ರಲ್ಲಿ ತಲೆ ಸವರೋದು ಅಂತ ಇನ್ನೊಂದಿದೆ.

ಅಂಗಡಿಯಾಕೆ: ನಾನು ಯಾರ ತಲೇನೂ ಸವರೋದಿಲ್ಲ, ಯಜಮಾನ್ರೇ. ಇಲ್ಲಿ ಗಿಡ ಮಾತ್ರ.

ಗಡಿಯಾರದವರು: ಬ್ಯಾಟರೀದಾ ಇದು?

ಅಂಗಡಿಯಾಕೆ: ಹೌದು. ಒಂದು ಸಲ ಚಾರ್ಜ್ ಮಾಡಿದ್ರೆ ನಲವತ್ತು ನಿಮಿಷ ಓಡುತ್ತೆ.

ಗಡಿಯಾರದವರು: ಆಮೇಲೆ?

ಅಂಗಡಿಯಾಕೆ: ನಿಲ್ಲುತ್ತೆ.

ಗಡಿಯಾರದವರು: ನಲವತ್ತು ನಿಮಿಷಕ್ಕೆ ನಿಲ್ಲೋದನ್ನ ನಾವು ರಿಪೇರಿಗೆ ಬಂದದ್ದು ಅಂತೀವಿ. ಹೊಸದು ಅನ್ನಲ್ಲ. ಕೀಲಿ ಕೊಡೋ ಥರದ್ದು ಇಲ್ವಾ?

ಅಂಗಡಿಯಾಕೆ: ಇಲ್ಲ. ವೈರಿಂದು ಇದೆ. ಆದ್ರೆ ಟ್ರಿಮ್ಮರಲ್ಲಿ ಬೇಲಿ ಜೊತೆ ವೈರನ್ನೂ ಸವರಿಕೊಳ್ಳೋರು ಜಾಸ್ತಿ.

ಹೆಂಡತಿ: ನನಗೆ ಬ್ಯಾಟರೀದೇ ಇರಲಿ. ಗೇಟು ಅರ್ಧ ಮಾತ್ರ ತೆಗಿಯೋಕಾಗುತ್ತೆ ಕಣಮ್ಮಾ, ಬೇಲಿ ಅಷ್ಟು ಬೆಳೆದಿದೆ. ಅಂಚೆಯವರು ಕಾಗದಾನ ಹೊರಗಿಂದಲೇ ಎಸೀತಾರೆ. ಕೈ ಕತ್ತರಿ ಹಿಡಿದೂ ಹಿಡಿದೂ ಮಣಿಕಟ್ಟು ಹೋಯ್ತು.

ಗಡಿಯಾರದವರು: ಅರ್ಧ ಗೇಟಲ್ಲಿ ಒಬ್ಬ ಮನುಷ್ಯ ಆರಾಮಾಗಿ ಬರಬಹುದು. ಅರ್ಧ ಬೆಳಕಲ್ಲಿ ಒಂದು ಸ್ಕ್ರೂ ಹಾಕೋಕಾಗಲ್ಲ.

ಅಂಗಡಿಯಾಕೆ: ನಿಮ್ಮ ಕೊಂಬೆ ಎಲ್ಲಿದೆ?

ಗಡಿಯಾರದವರು: ಹಿತ್ತಲ ಕಿಟಕಿ ಮುಂದೆ. ಬೆಳಕೆಲ್ಲ ನುಂಗಿಬಿಟ್ಟಿದೆ. ನಮ್ಮತ್ತೆಯವರ ಗೋಡೆ ಗಡಿಯಾರ ನಾಲ್ಕು ತಿಂಗಳಿಂದ ಬೆಂಚಿನ ಮೇಲೆ ಬಿಚ್ಚಿ ಬಿದ್ದಿದೆ. ಕೊಂಬೆ ಒಂದು ಹೋಗಲಿ, ಒಂದು ಬೆಳಿಗ್ಗೆ ಕೆಲಸ ಅದು.

ಅಂಗಡಿಯಾಕೆ: ನೆರಳು ಬೆಳಿಗ್ಗೆ ಮಾತ್ರಾನಾ, ಸಂಜೆನೂ ಇರುತ್ತಾ?

ಗಡಿಯಾರದವರು: ಇಡೀ ದಿನ.

ಅಂಗಡಿಯಾಕೆ: ಸೂರ್ಯ ಈ ಕಡೆಯಿಂದ ಆ ಕಡೆ ಹೋಗ್ತಾನಲ್ಲ.

ಗಡಿಯಾರದವರು: ಹೋಗ್ತಾನೆ. ನೆರಳು ಹೋಗಲ್ಲ. ಮುಂದಿನ ಜಗುಲೀಲಿ ಪೇಪರ್ ಹಿಡಿದ್ರೂ ಅದೇ ನೆರಳು.

ಅಂಗಡಿಯಾಕೆ: ಹಿತ್ತಲ ಕೊಂಬೇದು?

ಗಡಿಯಾರದವರು: ಬೆಳೆದಿದೆ.

ಹೆಂಡತಿ: ಬ್ಯಾಂಕಿನ ತನಕ ಬೆಳೆದಿದೆ. ಮೊನ್ನೆ ಫಾರಂ ತುಂಬುವಾಗ ಅಲ್ಲೂ ನೆರಳಿತ್ತು.

ಗಡಿಯಾರದವರು: ಬ್ಯಾಂಕಿನವರು ಲೈಟು ಹಾಕಲ್ಲ. ಅದು ಬೇರೆ ವಿಷಯ. ಇಲ್ಲೂ ಸ್ವಲ್ಪ ಕಮ್ಮೀನೇ.

ಅಂಗಡಿಯಾಕೆ ತಲೆಯೆತ್ತಿ ನೋಡಿ ಎಣಿಸಿದಳು.

ಅಂಗಡಿಯಾಕೆ: ಆರು ಟ್ಯೂಬ್‌ಲೈಟ್ ಉರೀತಾ ಇದೆ.

ಗಡಿಯಾರದವರು: ಹಳೇವಿರಬೇಕು.

ಹೆಂಡತಿ: ಕಣ್ಣಿನ ಡಾಕ್ಟರು ಪೊರೆ ಬಂದಿದೆ ಅಂತ ಹೇಳಿ ವರ್ಷ ಆಯ್ತಮ್ಮ.

ಗಡಿಯಾರದವರು: ಕತ್ತಲೆ ಕೋಣೇಲಿ ಕೂರಿಸಿ 'ಕಾಣ್ತಾ' ಅಂತ ಕೇಳಿದ್ರೆ ಯಾರಿಗೆ ಕಾಣುತ್ತೆ? ಡಾಕ್ಟರಿಗೂ ಕಾಣ್ತಿರಲಿಲ್ಲ, ಟಾರ್ಚ್ ಇಟ್ಕೊಂಡಿದ್ರು.

ಮಾತು ತಮಾಷೆಯದಾದರೂ ಗಡಿಯಾರದವರ ಕೈ ಬಲಗಣ್ಣಿನ ಹತ್ತಿರ ಹೋಗಿ ಬಂತು. ನಲವತ್ತು ವರ್ಷ ಆ ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅನ್ನ ತಿಂದವರು ಅವರು. ಆ ಕಣ್ಣಿಗೆ ಇನ್ನೊಬ್ಬರು ಕೈ ಹಾಕುವುದೆಂದರೆ, ಓಡುತ್ತಿರುವ ಗಡಿಯಾರಕ್ಕೆ ಗೊತ್ತಿಲ್ಲದವರು ಸ್ಕ್ರೂಡ್ರೈವರ್ ಹಾಕಿದಂತೆ. ಮೊದಲು ಕೊಂಬೆ ಹೋಗಲಿ. ಆಮೇಲೂ ಕಾಣದಿದ್ದರೆ ಆಗ ನೋಡೋಣ. ಕೊಂಬೆ ಇರುವ ತನಕ ತಪ್ಪು ಕೊಂಬೆಯದು.

ಅಂಗಡಿಯಾಕೆ: ಎರಡೂ ಬೇಕು ಅಂದ್ರೆ ಇನ್ನೊಂದು ಮಾಡೆಲ್ ಇದೆ. ಒಂದೇ ಕೋಲು, ಎರಡು ತಲೆ. ಬೇಕಾದಾಗ ಗರಗಸ ಹಾಕಿ, ಬೇಡ ಅಂದ್ರೆ ಅದನ್ನ ತೆಗೆದು ಟ್ರಿಮ್ಮರ್ ಹಾಕಿ.

ಹೆಂಡತಿ: ಒಂದೇ ಕೋಲಿಗೆ ಎರಡು ತಲೇನಾ?

ಅಂಗಡಿಯಾಕೆ: ಹೂಂ. ಆದ್ರೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತೆ.

ಹೆಂಡತಿ: ಬೇಡಮ್ಮ. ಮನೇಲಿ ಈಗಾಗ್ಲೇ ಹಾಗೇ ಇದೆ.

ಗಡಿಯಾರದವರು: ಅಲ್ಲಿ ಒಂದು ಹೊತ್ತಿಗೆ ಒಂದು ತಲೇನೂ ಕೆಲಸ ಮಾಡಲ್ಲ.

ಇಷ್ಟು ಹೊತ್ತಿಗೆ ಮೊದಲ ಬಾರಿ ಇಬ್ಬರೂ ಒಂದೇ ಕಡೆ ನಿಂತಿದ್ದರು. ಅದು ಅರ್ಧ ನಿಮಿಷವೂ ಉಳಿಯಲಿಲ್ಲ.

ಅಂಗಡಿಯಾಕೆ: ಹಾಗಾದ್ರೆ ಯಜಮಾನ್ರು ಕೋಲು ಹಿಡಿದು ನೋಡಲಿ. ಬ್ಯಾಟರಿ ತೆಗೆದಿದ್ದೀನಿ, ತುದಿಗೆ ಕವಚ ಇದೆ. ಅಲ್ಲಿ ಮೇಲೆ ಕೊಕ್ಕೇಲಿ ಒಂದು ಕೆಂಪು ನೀರಿನ ಕ್ಯಾನ್ ನೇತುಹಾಕಿದ್ದೀನಿ. ಅದೇ ಕೊಂಬೆ ಅಂದ್ಕೊಳ್ಳಿ. ತುದಿ ಮುಟ್ಟಿಸಿ.

ಗಡಿಯಾರದವರು ಕೋಲನ್ನು ಎರಡು ಕೈಯಲ್ಲೂ ಸರಿಯಾಗಿ ಹಿಡಿದರು. ಕೈ ನಡುಗಲಿಲ್ಲ. ಆ ಕೈ ಎಂದೂ ನಡುಗಿದ್ದಲ್ಲ. ಕೋಲು ನಿಧಾನವಾಗಿ ಮೇಲೆದ್ದು, ಗಾಳಿಯಲ್ಲಿ ಸ್ವಲ್ಪ ಯೋಚಿಸಿ, ಒಂದು ಕಡೆ ನಿಂತಿತು.

ಗಡಿಯಾರದವರು: ಮುಟ್ಟಿದೆ.

ಅಂಗಡಿಯಾಕೆ: ಅದು ಫ್ಯಾನು.

ಗಡಿಯಾರದವರು: ಗೊತ್ತು. ದಾರೀಲಿ ಸಿಕ್ತು.

ಕೋಲು ಮತ್ತೆ ಹೊರಟಿತು.

ಗಡಿಯಾರದವರು: ಈಗ?

ಅಂಗಡಿಯಾಕೆ: ಈಗ 'ಸಾಲ ಕೇಳಬೇಡಿ' ಬೋರ್ಡು.

ಗಡಿಯಾರದವರು: ಕ್ಯಾನು ಕೆಂಪು ಅಂದ್ರಿ. ಬೋರ್ಡಿನ ಅಕ್ಷರಾನೂ ಕೆಂಪೇ ಇರಬೇಕು.

ಅಂಗಡಿಯಾಕೆ: ಹಸಿರು.

ಹೆಂಡತಿ ನಗಲಿಲ್ಲ. ಅವಳು ನಗದೇ ಇದ್ದುದು ಗಡಿಯಾರದವರಿಗೆ ಸರಿಬರಲಿಲ್ಲ. ಕೋಲನ್ನು ಇಳಿಸಿ ಗಲ್ಲೆಗೆ ಒರಗಿಸಿದರು. ಒರಗಿಸುತ್ತಿದ್ದಂತೆ ಅವರ ತಲೆ ತಟ್ಟನೆ ಒಂದು ಕಡೆಗೆ ವಾಲಿತು.

ಗಡಿಯಾರದವರು: ನಿಮ್ಮ ಗೋಡೆ ಗಡಿಯಾರ ಕುಂಟ್ತಾ ಇದೆ.

ಅಂಗಡಿಯಾಕೆ: ಆಗಾಗ ನಿಂತು ಹೋಗುತ್ತೆ. ನಾಲ್ಕು ಜನಕ್ಕೆ ತೋರಿಸಾಯ್ತು, ಒಳಗೆ ಏನೋ ಸವೆದಿದೆ ಅಂದ್ರು.

ಗಡಿಯಾರದವರು: ಏನೂ ಸವೆದಿಲ್ಲ. ಟಿಕ್ ಉದ್ದ, ಟಕ್ ಗಿಡ್ಡ. ಓರೆಯಾಗಿ ನೇತುಹಾಕಿದ್ದೀರಿ. ಕೆಳಗಿನ ತುದೀನ ಎಡಗಡೆ ಒಂದು ನೂಲಿನಷ್ಟು ಸರಿಸಿ. ಸಾಕು, ಸಾಕು. ಒಂದು ಕೂದಲಷ್ಟು ವಾಪಸ್ಸು. ಹಾಂ. ಬಿಡಿ ಕೈ.

ಅಂಗಡಿಯಾಕೆ ಕೈ ಬಿಟ್ಟಳು. ಟಿಕ್ಕೂ ಟಕ್ಕೂ ಒಂದೇ ಅಳತೆಯಲ್ಲಿ ಹೆಜ್ಜೆ ಹಾಕತೊಡಗಿದವು. ಅವಳ ಮುಖದಲ್ಲಿ ಆ ದಿನದ ಮೊದಲ ಭಾವ ಕಾಣಿಸಿಕೊಂಡಿತು.

ಅಂಗಡಿಯಾಕೆ: ಅಷ್ಟು ದೂರದಿಂದ ಹೇಗೆ ಕಂಡಿತು ನಿಮಗೆ?

ಹೆಂಡತಿ: ಕಾಣ್ಲಿಲ್ಲ ಅವರಿಗೆ. ಕೇಳಿಸ್ತು.

ಹೆಂಡತಿಯ ದನಿಯಲ್ಲಿದ್ದುದು ಹೆಮ್ಮೆಯೋ, ಇನ್ನೇನೋ, ಗಡಿಯಾರದವರಿಗೆ ಗೊತ್ತಾಗಲಿಲ್ಲ. ಅವರು ಕೋಲಿನ ವಿಷಯಕ್ಕೆ ಮರಳಿದರು.

ಗಡಿಯಾರದವರು: ಇದನ್ನೇ ಕಟ್ಟಿಕೊಡಿ. ಕೊಂಬೆ ನನ್ನ ಮಣಿಕಟ್ಟಿನಷ್ಟು ದಪ್ಪ ಇದೆ.

ಅಂಗಡಿಯಾಕೆ: ಕಟ್ಟಿಕೊಡೋ ಮುಂಚೆ ಜಾಗ ನೋಡಬೇಕಲ್ಲ. ಹತ್ತಿರ ಕರೆಂಟು ತಂತಿ ಇದ್ರೆ ನಾನು ಕೊಡಲ್ಲ. ಫೋಟೋ ಏನಾದ್ರೂ ಇದೆಯಾ?

ಹೆಂಡತಿ ಕೈಚೀಲದಿಂದ ಫೋನು ತೆಗೆದು, ತೋರಿಸಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಹಿಡಿದುಕೊಂಡು, ಕೊನೆಗೆ ಗಲ್ಲೆಯ ಮೇಲೆ ಇಟ್ಟಳು.

ಹೆಂಡತಿ: ಇವತ್ತು ಬೆಳಿಗ್ಗೆ ತೆಗೆದದ್ದು. ಹಿತ್ತಲು.

ಅಂಗಡಿಯಾಕೆ ತಲೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿದಳು. ಚಿತ್ರವನ್ನು ದೊಡ್ಡದು ಮಾಡಿದಳು, ಚಿಕ್ಕದು ಮಾಡಿದಳು, ಫೋನನ್ನೇ ಒಂದು ಸುತ್ತು ತಿರುಗಿಸಿದಳು.

ಅಂಗಡಿಯಾಕೆ: ಅಕ್ಕಾ, ಕಿಟಕಿ ಇದೆ. ಮರ ಇದೆ. ತಂತೀನೂ ಇದೆ. ಕೊಂಬೆ ಇಲ್ಲ.

ಗಡಿಯಾರದವರು: ಸರಿಯಾಗಿ ನೋಡಿ.

ಅಂಗಡಿಯಾಕೆ: ಕಡಿದ ಗುರುತಿದೆ. ಅದೂ ಹಳೇದು, ಚಿಗುರು ಬಂದಿದೆ.

ಹೆಂಡತಿ: ಲೈನಿನವರು ಬಂದಿದ್ರಲ್ಲ, ಎರಡು ತಿಂಗಳ ಹಿಂದೆ. ತಂತಿಗೆ ತಾಗುತ್ತೆ ಅಂತ ಸವರಿ ಹೋದ್ರು. ಅವತ್ತು ನೀವು ಮಲಗಿದ್ರಿ. ಎದ್ದ ತಕ್ಷಣ ಹೇಳಿದ್ದೆ.

ಗಡಿಯಾರದವರು: 'ಲೈನಿನವರು ಬಂದು ಕೊಂಬೆ ಸವರಿ ಹೋದ್ರು' ಅಂದೆ.

ಹೆಂಡತಿ: ಅದೇ.

ಗಡಿಯಾರದವರು: ಮುಟ್ಟಿ ನೋಡಿ ಹೋದ್ರು ಅಂದ್ಕೊಂಡೆ.

ಹೆಂಡತಿ: ಅಷ್ಟು ದೂರದಿಂದ ಏಣಿ ಹೊತ್ಕೊಂಡು ಬಂದು, ಮೇಲೆ ಹತ್ತಿ, ಕೊಂಬೇನ ಮುಟ್ಟಿ ನೋಡಿ ಹೋಗ್ತಾರಾ?

ಗಡಿಯಾರದವರು: ಆಫೀಸಿನವರು. ಮೊದಲನೇ ಸಲ ಮುಟ್ಟಿ ನೋಡಿ, ಬರೆದುಕೊಂಡು ಹೋಗ್ತಾರೆ. ಎರಡನೇ ಸಲ ಬರ್ತಾರೆ ಅಂತ ಕಾಯ್ತಾ ಇದ್ದೆ. ಬರಲೇ ಇಲ್ಲ ಅಂತ ತಾನೇ ಈ ಗರಗಸ?

ಅಂಗಡಿಯಾಕೆಗೆ ಇದು ತರ್ಕಕ್ಕೆ ಹೊಂದುವ ಮಾತಾಗಿಯೇ ಕಂಡಿತು. ಅವಳು ತಲೆಯಾಡಿಸಿ, ಇದ್ದಕ್ಕಿದ್ದಂತೆ ಹಿಂದಿನ ಕಪಾಟಿನಲ್ಲಿ ಕೆಲಸ ನೆನಪಾದವಳಂತೆ ಅತ್ತ ತಿರುಗಿಕೊಂಡಳು.

ಗಡಿಯಾರದವರು: ಎರಡು ತಿಂಗಳಿಂದ ಇಲ್ಲದ ಕೊಂಬೇನ ಬೈತಾ ಇದ್ದೀನಿ. ನೀನೂ ಕೇಳ್ಕೊಂಡು ಸುಮ್ನಿದ್ದೀಯ.

ಹೆಂಡತಿ: ಮೊದಲು ಹದಿನೈದು ದಿನ, ನೀವು ಬೇರೆ ಕೊಂಬೆ ಹೇಳ್ತಿದ್ದೀರಿ ಅಂದ್ಕೊಂಡೆ.

ಗಡಿಯಾರದವರು: ಆಮೇಲೆ?

ಹೆಂಡತಿ: ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೆ ಬಾಯಿ ಬರಲಿಲ್ಲ. ಕೊಂಬೆ ಇದೆ ಅಂತ ತಾನೇ ನೀವು ದಿನಾ ಬೆಳಿಗ್ಗೆ ಬೆಂಚಿನ ಮುಂದೆ ಕೂತ್ಕೋತಾ ಇದ್ರಿ? ಅದೂ ಇಲ್ಲ ಅಂತ ಹೇಳಿ, ಬೆಂಚಿಂದ ನಿಮ್ಮನ್ನ ಎಬ್ಬಿಸ್ಲಾ?

ಗಡಿಯಾರದವರು: ಮತ್ತೆ ಇವತ್ತು ಯಾಕೆ ಎಬ್ಬಿಸಿದೆ?

ಹೆಂಡತಿ: ಇವತ್ತು ಗರಗಸ ಕೈಗೆ ತಗೊಂಡ್ರಲ್ಲ. ಇಲ್ಲದ ಕೊಂಬೇಗೆ ಹಾಕಿದ ಗರಗಸ ಇರೋ ತಂತೀಗೆ ಹೋಗುತ್ತೆ. ಫ್ಯಾನು ನೋಡಿದೆ, ಬೋರ್ಡು ನೋಡಿದೆ. ಮೂರನೇದು ನೋಡೋ ಧೈರ್ಯ ನನಗಿಲ್ಲ.

ಗಡಿಯಾರದವರು ಗಲ್ಲೆಯ ಅಂಚನ್ನು ಹಿಡಿದು ನಿಂತರು. ಅಂಗಡಿಯ ಬಾಗಿಲ ಕಡೆ ನೋಡಿದರು. ಅಲ್ಲೊಂದು ಬೂದು ನೆರಳು. ಹೆಂಡತಿಯ ಕಡೆ ನೋಡಿದರು. ಅದೇ ನೆರಳು ಅಲ್ಲಿಗೂ ಬಂತು. ಹಿತ್ತಲಿನಿಂದ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದವರು ತಾವೇ ಎಂಬುದು ಅವರಿಗೆ ಈಗ ಸ್ಪಷ್ಟವಾಗಿ ಕಂಡಿತು. ಬಹಳ ದಿನಗಳಲ್ಲಿ ಸ್ಪಷ್ಟವಾಗಿ ಕಂಡದ್ದು ಅದೊಂದೇ. ಗೋಡೆಯ ಮೇಲೆ ಗಡಿಯಾರ ಸರಿಯಾಗಿ ನಡೆಯುತ್ತಿತ್ತು.

ಗಡಿಯಾರದವರು: ಗರಗಸ ಬೇಡಮ್ಮ. ಆ ಟ್ರಿಮ್ಮರ್ ಕಟ್ಟಿಕೊಡಿ ಅವಳಿಗೆ.

ಅಂಗಡಿಯಾಕೆ: ಕೈಗವಸೂ ಕನ್ನಡಕಾನೂ ಜೊತೇಲೇ ಬರುತ್ತೆ. ಕಡ್ಡಿ ಹಾರಿ ಕಣ್ಣಿಗೆ ಬೀಳಬಾರದಲ್ಲ.

ಗಡಿಯಾರದವರು: ಹೌದು. ಮನೇಲಿ ಒಂದು ಜೊತೆ ಕಣ್ಣಾದ್ರೂ ಇರಲಿ.

ಇಬ್ಬರೂ ಹೊರಗೆ ಬಂದರು. ಟ್ರಿಮ್ಮರಿನ ಪೆಟ್ಟಿಗೆ ಹೆಂಡತಿಯ ಕೈಯಲ್ಲಿ. ಅವಳ ಇನ್ನೊಂದು ಕೈಯನ್ನು, ಮೆಟ್ಟಿಲು ಇಳಿಯುವ ನೆಪದಲ್ಲಿ, ಅವರು ಹಿಡಿದುಕೊಂಡಿದ್ದರು. ಮೆಟ್ಟಿಲು ಮುಗಿದ ಮೇಲೂ ಬಿಡಲಿಲ್ಲ.

ಗಡಿಯಾರದವರು: ಆ ಕಣ್ಣಿನ ಡಾಕ್ಟರು ಯಾವ ದಿನ ಸಿಗ್ತಾರೆ?

ಹೆಂಡತಿ: ನಾಳೆ. ಚೀಟಿ ಮಾಡಿಸಿದ್ದೀನಿ.

ಗಡಿಯಾರದವರು: ಯಾವಾಗ ಮಾಡಿಸಿದೆ?

ಹೆಂಡತಿ: ಹೋದ ವಾರ. ಇವತ್ತು ಅಂಗಡಿಗೆ ಬರೋದು ಅಂತ ಆದ್ಮೇಲೆ.

ಇಬ್ಬರೂ ಹತ್ತು ಹೆಜ್ಜೆ ನಡೆದರು.

ಗಡಿಯಾರದವರು: ಅಲ್ಲಾ, ಆ ಡಾಕ್ಟರು ಪೊರೇನ ಏನು ಮಾಡ್ತಾರೆ? ಕಡೀತಾರಾ?

ಹೆಂಡತಿ: ಛೆ, ಛೆ. ಎಲ್ಲಿ ಕಡೀತಾರೆ? ನೋವೇ ಗೊತ್ತಾಗಲ್ಲಂತೆ. ಹಾಗೇ ಮೆತ್ತಗೆ ಸವರಿ ತೆಗೀತಾರೆ, ಅಷ್ಟೇ.

ಗಡಿಯಾರದವರು ನಡುರಸ್ತೆಯಲ್ಲೇ ನಿಂತುಬಿಟ್ಟರು.

ಗಡಿಯಾರದವರು: ನಿನ್ನ ತವರಿನ ಸವರೋದೋ, ನಮ್ಮ ಬೆಂಚಿನ ಸವರೋದೋ?