ಬಾನೆಟ್ ಮೇಲೊಂದು ಲೋಟ ನೀರು

ನಮ್ಮ ಭಾವನವರಿಗೆ ಬಾಯಾರಿಕೆಯಾದದ್ದನ್ನು ನಾನಂತೂ ಕಂಡಿರಲಿಲ್ಲ. ಆದರೂ ಕಳೆದ ಒಂದು ವರ್ಷದಿಂದ ಒಂದು ಸ್ಟೀಲ್ ಲೋಟ, ಒಂದು ಬಾಟಲಿ ನೀರು ಇಲ್ಲದೆ ಅವರು ಮನೆಯ ಹೊಸಿಲು ದಾಟಿದವರಲ್ಲ. ಆ ನೀರು ಕುಡಿಯುವುದಕ್ಕಲ್ಲ ಸ್ವಾಮಿ, ಕಂಡಕಂಡವರ ಗಾಡಿಯ ಬಾನೆಟ್ ಮೇಲೆ ಇಡುವುದಕ್ಕೆ!

ನೀವು ನಗುತ್ತೀರಿ. ನಗಿ. ಅವರು ಹಾಗೆ ಇಟ್ಟಾಗ ಪಕ್ಕದಲ್ಲಿ ನಿಂತಿರುವವರು ನೀವಲ್ಲವಲ್ಲ! ನಾನು. ಬ್ಯಾಂಕಿನಲ್ಲಿ ಕೆಲಸ, ತಲೆ ಅರ್ಧ ನರೆತಿದೆ, ಮನೆಗೆ ಬೀಗ ಹಾಕಿ ಗೇಟಿನವರೆಗೆ ಬಂದು, ಮತ್ತೆ ಹಿಂದಕ್ಕೆ ಹೋಗಿ ಬೀಗ ಎಳೆದು ನೋಡುವ ಸ್ವಭಾವ. ರಸ್ತೆಯಲ್ಲಿ ಯಾರಾದರೂ ನನ್ನತ್ತ ಎರಡು ಸಲ ನೋಡಿದರೆ ಸಾಕು, ಪ್ಯಾಂಟಿನ ಜಿಪ್ ನೆನಪಾಗುತ್ತದೆ. ಅಂಥವನಿಗೆ ದೇವರು ಇಂಥ ಭಾವನನ್ನು ಕೊಟ್ಟ.

ಜಯನಗರದ ಒಂದು ದರ್ಶಿನಿಯಲ್ಲಿ ಇಬ್ಬರೂ ನಿಂತು ದೋಸೆ ತಿನ್ನುತ್ತಿದ್ದೆವು. ಹಾಲಿನ ಪಿಕಪ್ ಒಂದು ಬಂದು ನಿಂತಿತು. ಡ್ರೈವರ್ ಎಂಜಿನ್ ಆಫ್ ಮಾಡದೆ ಕ್ರೇಟ್ ಇಳಿಸಲು ಒಳಗೆ ಹೋದ. ಅಷ್ಟೇ! ಭಾವ ದೋಸೆಯನ್ನು ಅರ್ಧಕ್ಕೆ ಬಿಟ್ಟು ಹೋಗಿ, ಬಾನೆಟ್ ಮೇಲೆ ಲೋಟ ಇಟ್ಟು, ಅಂಚಿನವರೆಗೆ ನೀರು ತುಂಬಿ, ಮಂಡಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡತೊಡಗಿದರು. ಡ್ರೈವರ್ ವಾಪಸ್ ಬಂದ.

"ಏನ್ ಅಂಕಲ್, ಮಾಟ ಗೀಟ ಮಾಡ್ತಿದೀರಾ?"

"ಸುಮ್ನಿರಪ್ಪ. ನೋಡ್ತಿದೀನಿ."

"ಏನ್ ನೋಡ್ತಿದೀರಾ?"

"ನಿನ್ನ ಎಂಜಿನ್ನು ಎಡಗಡೆಗೆ ಜಾಸ್ತಿ ಅದುರುತ್ತೆ. ನಮಗೆ ಆಗಲ್ಲ. ತಗೊಂಡ್ಹೋಗು."

ಕೇಳಿದ್ದು ಯಾರು, ಕೊಡುತ್ತೇನೆಂದದ್ದು ಯಾರು! ನಾನು ಅವರ ಕಡೆಯವನೇ ಅಲ್ಲ ಎನ್ನುವಂತೆ ಗೋಡೆಯ ಮೇಲಿನ ತಿಂಡಿ ಬೋರ್ಡನ್ನು ಬಾಯಿಪಾಠ ಮಾಡುತ್ತಿದ್ದೆ. ಸೆಟ್ ದೋಸೆ, ಈರುಳ್ಳಿ ದೋಸೆ, ಮತ್ತೆ ಸೆಟ್ ದೋಸೆ. ಭಾವ ಬಿಡಬೇಕಲ್ಲ! "ಏ ಭಾಮೈದ, ಅಲ್ಲೇನು ಓದ್ತಿದೀಯ? ಬಾ ಇಲ್ಲಿ, ನೀರು ನೋಡು!" ದರ್ಶಿನಿಗೆ ದರ್ಶಿನಿಯೇ ಭಾಮೈದನನ್ನು ಹುಡುಕಿತು. ನನಗೆ ಜಿಪ್ ನೆನಪಾಯಿತು.

ಇಷ್ಟಕ್ಕೆಲ್ಲ ಕಾರಣ ಅವರ ಹಳೇ ಪಿಕಪ್. ಬಿಳೇಕಹಳ್ಳಿ ಇನ್ನೂ ಹಳ್ಳಿಯಾಗಿಯೇ ಇದ್ದಾಗ ಭಾವನ ಮನೆಯವರು ಸೊಪ್ಪು ಬೆಳೆಯುತ್ತಿದ್ದರು. ಈಗ ಅದೇ ನೆಲದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ. ನೀರು ಹಾಯಿಸುವ ಕೆಲಸ ಮಾತ್ರ ತಪ್ಪಿಲ್ಲ, ಟ್ಯಾಂಕರ್ ಬರುತ್ತದೆ. ಆ ಕಾಲದಲ್ಲಿ ನಸುಕಿಗೇ ದಂಟು, ಸಬ್ಬಸಿಗೆ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದ ಗಾಡಿ ಇದು. ಸ್ಟಿಯರಿಂಗ್ ಹಿಂದೆ ಭಾವ, ಪಕ್ಕದಲ್ಲಿ ನಮ್ಮಕ್ಕ. ಅವರ ದಾಂಪತ್ಯದ ಮಾತುಕತೆಯೆಲ್ಲ ಆ ಎಂಜಿನ್ನಿನ ಸದ್ದನ್ನು ಮೀರಿಸಿ ನಡೆದದ್ದು. ಅದಕ್ಕೇ ಇಬ್ಬರೂ ಈಗಲೂ ಉಪ್ಪು ಕೇಳುವುದಿದ್ದರೂ ಕೂಗಿಯೇ ಕೇಳುತ್ತಾರೆ.

ಎಂಜಿನ್ನಿಗೂ ವಯಸ್ಸಾಯಿತು. ಸ್ಟಾರ್ಟ್ ಮಾಡಿದರೆ ಬೀದಿನಾಯಿಗಳು ಎದ್ದು ಮುಂದಿನ ಕ್ರಾಸಿಗೆ ಹೋಗಿ ಮಲಗುತ್ತವೆ. ಗಾಡಿ ನಿಂತಲ್ಲೇ ಚಳಿಜ್ವರ ಬಂದವರಂತೆ ನಡುಗುತ್ತದೆ. ಅಷ್ಟರಲ್ಲಿ ಅಕ್ಕನಿಗೆ ಬೆನ್ನಿನ ಆಪರೇಷನ್ ಆಯಿತು. ಕಾರಿನಲ್ಲಿ ಬಗ್ಗಿ ಕೂರಲಾರಳು. ಪಿಕಪ್ಪಿನ ಎತ್ತರದ ಸೀಟಾದರೆ ಸ್ಟೂಲ್ ಹಾಕಿಕೊಂಡು ಹತ್ತಿ ನೆಟ್ಟಗೆ ಕೂತಾಳು. ಆದರೆ ಆ ನಡುಕ! ಒಮ್ಮೆ ಹತ್ತಿಸಿದರು. ಗಾಡಿ ಗೇಟು ದಾಟುವ ಮೊದಲೇ ಅಕ್ಕ ಹಲ್ಲು ಕಚ್ಚಿಕೊಂಡು ಇಳಿದಳು. "ಆಯ್ತು, ನನ್ನ ಓಡಾಟ ಮುಗೀತು. ಇನ್ನು ಯಾರೂ ಕರೀಬೇಡಿ" ಅಂದಳು. ಭಾವ ಅಂದೇ ಸಾರಿದರು: "ಎಂಜಿನ್ ಬದಲಾಯಿಸ್ತೀನಿ."

ನನ್ನ ಮಗಳ ನಿಶ್ಚಿತಾರ್ಥ ಗೊತ್ತಾದದ್ದೂ ಆಗಲೇ. ಸೋದರತ್ತೆ ಇಲ್ಲದೆ ತಾಂಬೂಲದ ತಟ್ಟೆ ಮುಟ್ಟುವುದಿಲ್ಲ ಎಂದು ಮಗಳ ಹಟ. "ನಾನು ಕರ್ಕೊಂಡು ಬರ್ತೀನಿ ಬಿಡಮ್ಮ, ನಮ್ಮ ಗಾಡೀಲೇ" ಎಂದು ಭಾವ ಮಾತು ಕೊಟ್ಟರು. ನನಗೆ ಕಂಡದ್ದು ಒಂದೇ ದೃಶ್ಯ: ಛತ್ರದ ಬಾಗಿಲಲ್ಲಿ ಗಿರಿನಗರದ ಬೀಗರು, ಅವರ ಮುಂದೆ ಕೆಮ್ಮುತ್ತ ಬರುವ ಸೊಪ್ಪಿನ ಗಾಡಿ, ಹೊಗೆಯಲ್ಲಿ ಕಾಣೆಯಾಗುವ ಪುರೋಹಿತರು! ಅಕ್ಕ ಬರಬೇಕು, ಗಾಡಿ ಬರಬಾರದು. ದೇವರಿಗೆ ಹೀಗೆ ಕೈಮುಗಿದರೆ ಅವನಿಗಾದರೂ ಹೇಗೆ ಅರ್ಥವಾದೀತು?

ಬನಶಂಕರಿಯ ಕಡೆ ಒಬ್ಬ ಗ್ಯಾರೇಜ್ ಮೇಸ್ತ್ರಿ ಸಿಕ್ಕಿದ.

"ಪವರ್ ಬೇಕಾ ಅಣ್ಣ, ಮೈಲೇಜ್ ಬೇಕಾ?"

"ಎರಡೂ ಬೇಡ."

"ಮತ್ತೆ?"

"ನೀರು ಚೆಲ್ಲಬಾರದು."

ಮೇಸ್ತ್ರಿ ರೇಡಿಯೇಟರ್ ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ. ಆಮೇಲೆ ಆತ ತೊಡಕುಗಳನ್ನು ಒಂದೊಂದಾಗಿ ಬಿಚ್ಚಿಟ್ಟ. ಈಚಿನ ಡೀಸೆಲ್ ಎಂಜಿನ್ ನಡುಗುವುದು ಕಡಿಮೆ, ನಿಜ. ಆದರೆ ಅದು ಉದ್ದ, ಹಳೇ ಗೇರ್‌ಬಾಕ್ಸಿಗೆ ಕೂಡುವುದು ಕಷ್ಟ, ಕೂಡಿಸಿದರೂ ಆರ್‌ಟಿಓದವರು ಒಪ್ಪಬೇಕು. ನನಗೆ ಒಳಗೊಳಗೇ ಹಿಗ್ಗು. ಈ ಜನ್ಮದಲ್ಲಿ ಆಗುವ ಕೆಲಸವಲ್ಲ!

"ರಸ್ತೆನೇ ಹೀಗಿರೋವಾಗ ಎಂಜಿನ್ ಬದಲಾಯಿಸಿ ಏನು ಪ್ರಯೋಜನ ಭಾವ? ಬನ್ನೇರುಘಟ್ಟ ರೋಡ್ ನೋಡಿದೀರಾ?" ಎಂದು ಒಂದು ಕಲ್ಲೂ ಹಾಕಿದೆ.

"ರಸ್ತೆ ನನ್ನ ಕೈಯಲ್ಲಿಲ್ಲ ಕಣಯ್ಯ. ಎಂಜಿನ್ ಇದೆಯಲ್ಲ!"

ಭಾವನ ಮನೆಯಂಗಳದಲ್ಲೇ ಹಳೇ ಎಂಜಿನ್ ಇಳಿಸಿದರು. ಹೊಸದು ಹಿಡಿಸುತ್ತದೋ ಇಲ್ಲವೋ ನೋಡಲು ಭಾವ, ಗಣೇಶನ ಮಂಟಪದ ಥರ್ಮಾಕೋಲನ್ನು ಕುಯ್ದು, ಅದೇ ಅಳತೆಯ ಎಂಜಿನ್ ಒಂದನ್ನು ಮಾಡಿ ಬಾನೆಟ್ ಕೆಳಗೆ ಕೂರಿಸಿದರು. ಅಂಚಿಗೆ ಚಿನ್ನದ ಬಣ್ಣದ ಜರಿ ಹಾಗೇ ಉಳಿದಿತ್ತು. ಆಕಾರವೇನೋ ಹಿಡಿಸಿತು. ಭಾರ? ಮುಂದಿನ ಸ್ಪ್ರಿಂಗ್ ಪಟ್ಟಾಗಳು ಎಷ್ಟು ತಗ್ಗುತ್ತವೆಂದು ನೋಡಬೇಡವೇ?

"ನೀನೆಷ್ಟು ತೂಗ್ತೀಯ?" ಎಂದರು ನನ್ನನ್ನು ಮೇಲಿಂದ ಕೆಳಗೆ ನೋಡಿ.

ಆಕಾರಕ್ಕೆ ಥರ್ಮಾಕೋಲು, ಭಾರಕ್ಕೆ ನಾನು! ಅಡ್ಡಹಲಗೆ ಹಾಕಿ, ಒಂದು ಸಿಮೆಂಟ್ ಮೂಟೆಯ ಪಕ್ಕ ನನ್ನನ್ನು ಎಂಜಿನ್ ಜಾಗದಲ್ಲಿ ಕೂರಿಸಿದರು. ಭಾವ ಟೇಪ್ ಹಿಡಿದು ಚಕ್ರದ ಬಳಿ ಅಂಗಾತ ಮಲಗಿದರು. ಭಾನುವಾರ ಬೆಳಿಗ್ಗೆ, ಬಾಡಿಗೆಯವರೆಲ್ಲ ಬಾಲ್ಕನಿಯಲ್ಲಿ. ಮೇಲಿನ ಮನೆಯ ಬಾಗಲಕೋಟೆಯ ಯುವಕ ಬಗ್ಗಿ ಕೇಳಿದ: "ಏನ್ರೀ ಅಂಕಲ್, ಎಂಜಿನ್ ಜಾಗಾದಾಗ ನೀವ್ಯಾಕ ಕುಂತೀರಿ?"

ಉತ್ತರ ಕೆಳಗಿನಿಂದ ಬಂತು. "ಡೀಸೆಲ್ ಇನ್ನೂ ಹಾಕಿಲ್ಲ ಕಣಪ್ಪ, ಹಾಕಿದ್ರೆ ಸ್ಟಾರ್ಟ್ ಆಗ್ತಾನೆ!" ಇಡೀ ಕಟ್ಟಡ ನಕ್ಕಿತು. ಆ ಯುವಕ ಫೋಟೋ ತೆಗೆದ. ಅದು ಎಲ್ಲಿಯವರೆಗೆ ತಲುಪಿದೆಯೋ ಎಂದು ಈಗಲೂ ಒಮ್ಮೊಮ್ಮೆ ಫೋನ್ ತೆರೆದು ಹುಡುಕುತ್ತೇನೆ.

ಇನ್ನು ಬೀಗರು ಮಾತುಕತೆಗೆಂದು ನಮ್ಮ ಮನೆಗೆ ಬಂದ ದಿನ. ಹಿರಿಯರೆಂದು ಭಾವನನ್ನೂ ಕರೆಸಿದ್ದೆ. ಅವರದು ಎಲೆಕ್ಟ್ರಿಕ್ ಕಾರು. ಬಂದು ನಿಂತದ್ದೇ ಗೊತ್ತಾಗಲಿಲ್ಲ. ಗೊತ್ತಾದಾಗ ನಾನು ಓಡಿಬಂದೆ. ಅಷ್ಟರಲ್ಲಿ ಬಾನೆಟ್ ಮೇಲೆ ಲೋಟ ಕೂತಿತ್ತು! ಬೀಗರು ಒಳಗಿಂದ, ಭಾವ ಹೊರಗಿಂದ, ಇಬ್ಬರೂ ಅದನ್ನೇ ನೋಡುತ್ತಿದ್ದರು. ಆಯಪ್ಪ ಇಳಿಯುವುದೋ ಬೇಡವೋ ತಿಳಿಯದೆ ಸೀಟ್‌ಬೆಲ್ಟ್ ಹಿಡಿದೇ ಕೂತಿದ್ದರು.

"ಸ್ಟಾರ್ಟ್ ಮಾಡಿ ಸಾರ್" ಎಂದರು ಭಾವ.

"ಸ್ಟಾರ್ಟ್‌ನಲ್ಲೇ ಇದೆಯಲ್ಲ ಸಾರ್."

ಲೋಟದ ನೀರು ಕನ್ನಡಿಯ ಹಾಗೆ ನಿಂತಿತ್ತು. ಭಾವ ಬಹಳ ಹೊತ್ತು ನೋಡಿದರು. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು: "ಇದು ಡೀಸೆಲ್ಲಲ್ಲಿ ಸಿಗುತ್ತಾ?"

ಭೂಮಿ ಬಾಯಿಬಿಡಲಿ ಎಂದುಕೊಂಡೆ. ನಮ್ಮ ರಸ್ತೆಯಲ್ಲಿ ಪೈಪಿಗಾಗಿ ಅಗೆದ ಗುಂಡಿ ಬಾಯಿ ಬಿಟ್ಟುಕೊಂಡೇ ಇತ್ತು, ಹಾರುವ ಧೈರ್ಯ ನನಗೆ ಬರಲಿಲ್ಲ.

ಅದಾದ ಮೇಲೆ ಗಟ್ಟಿ ಮನಸ್ಸು ಮಾಡಿ ಬಿಳೇಕಹಳ್ಳಿಗೆ ಹೋದೆ. ಭಾವ ಮನೆಯಲ್ಲಿರಲಿಲ್ಲ, ಎಂಜಿನ್ ಹುಡುಕಿಕೊಂಡು ಗುಜರಿ ಅಂಗಡಿಗಳ ಕಡೆ ಹೋಗಿದ್ದರು. ಅಕ್ಕ ಕಿಟಕಿಯ ಪಕ್ಕ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು.

"ಅಕ್ಕ, ಆ ಗಾಡಿ ಯಾಕೆ? ಒಳ್ಳೇದೊಂದು ದೊಡ್ಡ ಕ್ಯಾಬ್ ಕಳಿಸ್ತೀನಿ. ಎತ್ತರದ ಸೀಟೇ ಇರುತ್ತೆ."

"ಕ್ಯಾಬುಗಳಿಗೂ ಲೋಟ ಇಟ್ಟು ನೋಡಿ ಆಯ್ತಂತೆ ಕಣೋ. ಎಲ್ಲಾ ಫೇಲು."

"ಆ ಲೋಟದ ಹುಚ್ಚು ಎಲ್ಲಿಂದ ಹತ್ತಿತಕ್ಕ ಅವರಿಗೆ? ನನಗೆ ತಲೆಯೆತ್ತಿ ಓಡಾಡೋ ಹಾಗಿಲ್ಲ!"

ಅಕ್ಕ ನಕ್ಕಳು. ನಗುವಾಗಲೂ ಸೊಂಟಕ್ಕೆ ಕೈ ಕೊಟ್ಟುಕೊಳ್ಳಬೇಕು ಅವಳು. "ಆಸ್ಪತ್ರೆಯಿಂದ ಕಳಿಸೋ ದಿನ ಡಾಕ್ಟರು ಅಂದಿದ್ರಲ್ಲ, 'ಯಜಮಾನ್ರೇ, ತುಂಬಿದ ಲೋಟ ಹಿಡ್ಕೊಂಡು ಹೋಗೋ ಹಾಗೆ ಕರ್ಕೊಂಡು ಹೋಗಿ' ಅಂತ. ಅವರು ಏನೋ ಮಾತಿಗೆ ಅಂದ್ರು. ನಿಮ್ ಭಾವ ಮನೆಗೆ ಬಂದೋರೇ ಅಡುಗೆಮನೆಗೆ ಹೋಗಿ ಲೋಟ ತಗೊಂಡ್ರು."

ನಾನೂ ಅಂದು ಅದೇ ಕೋಣೆಯಲ್ಲಿದ್ದೆ. ಆ ಮಾತು ನನ್ನ ಕಿವಿಗೂ ಬಿದ್ದಿರಲೇಬೇಕು. ಪಾರ್ಕಿಂಗ್ ಚೀಟಿ ಎಲ್ಲಿ ಕಳೆದುಹೋಯಿತೋ ಎಂದು ಜೇಬು ತಡಕುತ್ತಿದ್ದೆನಲ್ಲ, ನಾನೆಲ್ಲಿ ಕೇಳಲಿ! ಒಡಹುಟ್ಟಿದವನು ನಾನು. ಆ ದಿನ ಅಕ್ಕನೆದುರು ಕ್ಯಾಬಿನ ಮಾತು ಮತ್ತೆ ಎತ್ತಲಿಲ್ಲ. ಅವಳು ಕೊಟ್ಟ ಕಾಫಿಯನ್ನು ತಲೆ ಬಗ್ಗಿಸಿಯೇ ಕುಡಿದು ಬಂದೆ.

ನಿಶ್ಚಿತಾರ್ಥದ ದಿನ ಛತ್ರದ ಬಾಗಿಲಲ್ಲಿ ನಿಂತಿದ್ದೆ. ಮೈತುಂಬ ಜರಿಪಂಚೆ, ಶಲ್ಯ, ಪಕ್ಕದಲ್ಲಿ ಬೀಗರು. ಮುಹೂರ್ತ ಹತ್ತಿರವಾಗುತ್ತಿತ್ತು. ಎಂಜಿನ್ ಕೂತಿದೆ, ಆರ್‌ಟಿಓದವರೂ ನೋಡಿ ಒಪ್ಪಿದ್ದಾರೆ ಎಂದು ಭಾವ ಫೋನಿನಲ್ಲಿ ಕೂಗಿದ್ದರು. ಆದರೆ ಅಕ್ಕ ಹತ್ತುತ್ತಾಳೋ? ಹತ್ತಿ ಮತ್ತೆ ಗೇಟಿನಲ್ಲೇ ಇಳಿದುಬಿಟ್ಟರೆ? ಮಗಳು ಒಳಗಿಂದ ನಾಲ್ಕಾರು ಸಲ ಇಣುಕಿ ಹೋದಳು. ದೇವರಲ್ಲಿ ನನ್ನ ಅರ್ಜಿಯನ್ನು ತಿದ್ದಿಕೊಂಡೆ: ಗಾಡಿ ಬರಲಪ್ಪ. ಹೊಗೆ ಬಿಟ್ಟರೂ ಬರಲಿ.

ಮೊದಲು ಕೇಳಿಸಿದ್ದು ಹಾರ್ನ್‌ಗಳು. ರಸ್ತೆಯ ತುದಿಯಲ್ಲಿ ಒಂದು ಬಸ್ಸು, ಒಂದು ಟ್ಯಾಂಕರು, ಹತ್ತಾರು ಆಟೊ, ಸ್ಕೂಟರುಗಳು ಒಂದೇ ಸಮನೆ ಅರಚುತ್ತಿದ್ದವು. ಎಲ್ಲಕ್ಕೂ ಮುಂದೆ ದೇವರ ಉತ್ಸವದ ಹಾಗೆ ನಿಧಾನವಾಗಿ ನಮ್ಮ ಪಿಕಪ್! ಹೊಗೆಯಿಲ್ಲ, ಕೆಮ್ಮಿಲ್ಲ. ಜೇನು ಗುಂಯ್‌ಗುಟ್ಟುವಂಥ ಸದ್ದು ಅಷ್ಟೆ. ಮುಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನೆಟ್ಟಗೆ ಕೂತ ನಮ್ಮಕ್ಕ. ತೊಡೆಯ ಮೇಲೆ, ಎರಡೂ ಕೈಯಲ್ಲಿ ಹಿಡಿದ ಸ್ಟೀಲ್ ಲೋಟ.

ಭಾವ ಇಳಿದು ಬಂದು ಸ್ಟೂಲ್ ಹಾಕಿದರು. ಹಿಂದಿನವರು ಬೈಯುತ್ತಲೇ ಇದ್ದರು. ಅಕ್ಕ ಬಾಗಿಲಿನಿಂದ ಕೈ ಚಾಚಿದಳು. "ಮೊದಲು ಇದನ್ನ ಹಿಡಿ. ಹುಷಾರು, ಚೆಲ್ಲೀಯ."

ಹಿಡಿದೆ. ಅಕ್ಕ ಒಂದೊಂದೇ ಕಾಲಿಟ್ಟು ಇಳಿಯುವುದನ್ನು ನೋಡುತ್ತ ನಿಂತವನ ಕೈ ಅದೇಕೋ ನಡುಗತೊಡಗಿತು. ಅರ್ಧ ಲೋಟ ನೀರು ನನ್ನ ಹೊಸ ಪಂಚೆಯ ಮೇಲೆ ಇಳಿದುಹೋಯಿತು.

ಭಾವ ಲೋಟ ನೋಡಿದರು, ನನ್ನನ್ನು ನೋಡಿದರು. "ಬಿಳೇಕಹಳ್ಳಿಯಿಂದ ಇಲ್ಲೀಗಂಟ ಒಂದು ಹನಿ ಚೆಲ್ಲಿರಲಿಲ್ಲ ಕಣಯ್ಯ!" ಎಂದರು. ಆಮೇಲೆ ಭುಜದ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು. ನಿನ್ನ ಎಂಜಿನ್ನೂ ಇಳಿಸಿ ನೋಡೋಣ" ಎಂದರು.

ಬೀಗರು, ಪುರೋಹಿತರು, ಬಸ್ಸಿನ ಕಿಟಕಿಗಳಲ್ಲಿ ಕೂತವರು, ಎಲ್ಲರೂ ನನ್ನ ಒದ್ದೆ ಪಂಚೆಯನ್ನೇ ನೋಡುತ್ತಿದ್ದರು. ನೋಡಲಿ ಅನ್ನಿಸಿತು. ಅಕ್ಕ ನನ್ನ ಮಗಳ ತೋಳು ಹಿಡಿದು ಛತ್ರದ ಮೆಟ್ಟಿಲು ಹತ್ತುತ್ತಿದ್ದಳು. ಅವಳು ಬಾಗಿಲು ದಾಟಿ ಒಳಗೆ ಹೋಗುವವರೆಗೂ ಭಾವ ಕದಲಲಿಲ್ಲ. ಆಮೇಲೆ ನನ್ನ ಕೈಯಿಂದ ಲೋಟ ಇಸಕೊಂಡು, ಉಳಿದಿದ್ದ ನೀರನ್ನು ಗಟಗಟನೆ ಕುಡಿದುಬಿಟ್ಟರು.