ಮರುಭೂಮಿಯಿಂದ ಪೋಲೆಂಡಿಗೆ ಉಲ್ಲಾಸ ರವಾನೆ

ಸಂತೋಷವಾಗಿರುವುದು ಹೇಗೆಂದು ಪರರಿಗೆ ಹೇಳಿಕೊಡುವ ಅರ್ಹತೆ ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ನನಗೆ ಎಂದು ಕಳೆದ ಡಿಸೆಂಬರಿನವರೆಗೂ ನಾನು ನಂಬಿದ್ದೆ. ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ಕಳೆದವನು ನಾನು. ಐವತ್ತು ಡಿಗ್ರಿ ಬಿಸಿಲಿನಲ್ಲಿ ಬಸ್ಸಿಗೆ ಕಾದಿದ್ದೇನೆ. ಅಲ್ಲಿನ ಮಿರ್ಕಾಬ್ ಪೇಟೆಯ ಆಫೀಸಿನಲ್ಲಿ ಮೂವರು ಮ್ಯಾನೇಜರುಗಳನ್ನು ಸಹಿಸಿಕೊಂಡು, ಆ ಮೂವರೂ ಒಬ್ಬರಾದ ಮೇಲೊಬ್ಬರು ಗಂಟುಮೂಟೆ ಕಟ್ಟುವುದನ್ನು ಕುರ್ಚಿ ಬಿಡದೆ ನೋಡಿದ್ದೇನೆ. ಇಂಥವನಿಗೆ ಪೋಲೆಂಡಿನ ಚಳಿಗಾಲ ಯಾವ ಮಹಾ?

ಪೋಲೆಂಡಿನಲ್ಲಿದ್ದದ್ದು ನಾನಲ್ಲ, ನನ್ನ ಹೆಂಡತಿ ಪ್ರಮೀಳಾಳ ತಂಗಿ ಶುಭಾ. ಅಲ್ಲಿನ ಒಂದು ಸಣ್ಣ ಪಟ್ಟಣದ ಹೋಟೆಲಿನ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದು, ಎರಡು ವರ್ಷ ಅಲೆದಾಡಿ ದೊರಕಿಸಿಕೊಂಡ ಕೆಲಸ. ಸೆಪ್ಟೆಂಬರಿನಲ್ಲಿ ನಗುನಗುತ್ತಾ ವಿಮಾನ ಹತ್ತಿದವಳು ನವೆಂಬರ್ ಮುಗಿಯುವಷ್ಟರಲ್ಲಿ ದಿನಾ ವಿಡಿಯೋ ಕಾಲಿನಲ್ಲಿ ಅಳತೊಡಗಿದಳು.

"ಅಕ್ಕಾ, ಇಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲೆ. ಬೆಳಿಗ್ಗೆ ಏಳುವಾಗಲೂ ಕತ್ತಲೆ. ನಡುವೆ ಇರುವುದೂ ಬೆಳಕಲ್ಲ, ಬೂದಿ. ಲಾಂಡ್ರಿಯಲ್ಲಿ ಐದು ಹೆಂಗಸರಿದ್ದಾರೆ, ಒಬ್ಬಳೂ ನನ್ನತ್ರ ಮಾತಾಡುವುದಿಲ್ಲ. ನಾನು ಊರಿಗೆ ಹೋಗ್ತೇನೆ."

ಪ್ರಮೀಳಾಳ ಮುಖ ಬಾಡಿತು. ಊರಿನಲ್ಲಿ ಅವರ ಸೋದರಮಾವ ಒಬ್ಬ ಹುಡುಗನ ಫೋಟೊ ಹಿಡಿದುಕೊಂಡು ತಂಗಿಯ ಸೋಲಿಗೇ ಕಾಯುತ್ತಿದ್ದರು. ವಾಪಸು ಬಂದರೆ ಶುಭಾಳ ಕಥೆ ಅಲ್ಲಿಗೆ ಮುಗಿಯಿತು. "ಹೇಗಾದರೂ ಮಾರ್ಚ್ ತನಕ ತಳ್ಳಿದರೆ ಸಾಕು ಮಾರಾಯ್ರೆ, ಮತ್ತೆ ಬಿಸಿಲು ಬರ್ತದಂತೆ" ಎಂದಳು.

ಶುಭಾಳ ಮೇಲಧಿಕಾರಿಣಿ ಅವಳಿಗೊಂದು ಹಾಳೆ ಕೊಟ್ಟಿದ್ದಳು. ಕತ್ತಲೆಯ ಚಳಿಗಾಲದಲ್ಲಿ ಪ್ರತಿದಿನ ಪುಟ್ಟ ಸಂತೋಷ ಕಂಡುಕೊಳ್ಳುವುದು ಹೇಗೆ ಎಂಬ ಉಪದೇಶ. ಮೇಣದಬತ್ತಿ ಹಚ್ಚಿ, ಉಣ್ಣೆಯ ಕಾಲುಚೀಲ ತೊಡಿ, ಬಿಸಿ ಸೂಪು ಕುಡಿಯಿರಿ, ಹಿಮ ನೋಡುತ್ತಾ ನಡೆಯಿರಿ, ಮಲಗುವ ಮುನ್ನ ಮೂರು ಒಳ್ಳೆಯ ಸಂಗತಿ ಬರೆದಿಡಿ.

ಅದನ್ನು ಕೇಳಿ ನಾನು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕೆ. ಮೇಣದಬತ್ತಿ ಹಚ್ಚಿದರೆ ಸಂತೋಷ ಬರುವುದಾದರೆ, ಚಿಕ್ಕಂದಿನಲ್ಲಿ ಕರೆಂಟು ಹೋದಾಗಲೆಲ್ಲ ನಾವು ಅಂಗಳದಲ್ಲಿ ಕುಣಿಯಬೇಕಿತ್ತು! ಕಾಲುಚೀಲದಲ್ಲಿ ಉಲ್ಲಾಸವಂತೆ! ಸೂಪಿನಲ್ಲಿ ಆನಂದವಂತೆ! ಯುರೋಪಿನವರಿಗೆ ಮಾಡಲು ಬೇರೆ ಕೆಲಸವಿಲ್ಲ. ಮೂಗು ಸೋರಿದರೂ ಅದಕ್ಕೊಂದು ಹಾಳೆ ಮುದ್ರಿಸುತ್ತಾರೆ.

"ಆ ಕಾಗದ ಕಸದ ಬುಟ್ಟಿಗೆ ಹಾಕಲು ಹೇಳು" ಎಂದು ಪ್ರಮೀಳಾಳಿಗೆ ಘನವಾಗಿ ಆಜ್ಞಾಪಿಸಿದೆ. "ಇನ್ನು ಈ ವಿಷಯ ನನಗೆ ಬಿಡು."

"ಅದೇ ಹೆದರಿಕೆ" ಎಂದಳು ಅವಳು.

ನಮ್ಮ ಗಲ್ಫಿನವರ ಬಳಿ ಸಕಲ ಕಷ್ಟಗಳಿಗೂ ಒಂದೇ ಮದ್ದು. ಮದುವೆಯಾಗಲಿ, ಹೆರಿಗೆಯಾಗಲಿ, ಕಾಲು ಮುರಿಯಲಿ, ನಾವು ಕಾರ್ಟನ್ ಕಟ್ಟುತ್ತೇವೆ. ನಾನೂ ಕಟ್ಟಿದೆ. ಒಂಬತ್ತು ಕಿಲೋ ತೂಗುವ ಹುಲಿಮುಖದ ಕಂಬಳಿ, ಖರ್ಜೂರ, ಪಿಸ್ತಾ, ಸಾಬೂನು, ಅತ್ತರು, ತಲೆನೋವಿನ ಮುಲಾಮು, ಮೈಗೆ ಹೊಡೆದುಕೊಳ್ಳುವ ನಾಲ್ಕು ಸ್ಪ್ರೇ ಡಬ್ಬಿ, ಮಾವಿನ ಮಿಡಿ ಉಪ್ಪಿನಕಾಯಿ. ಪೆಟ್ಟಿಗೆಗೆ ನೈಲಾನ್ ಹಗ್ಗ ಸುತ್ತಿ, ಆರೂ ಬದಿಗೆ ದಪ್ಪ ಮಾರ್ಕರಿನಿಂದ ಶುಭಾಳ ಹೆಸರು ಬರೆದು, ಫಿಂಟಾಸಿನ ನಮ್ಮ ಮನೆಯಿಂದ ಕೊರಿಯರ್ ಅಂಗಡಿಗೆ ಹೆಗಲ ಮೇಲೆ ಹೊತ್ತುಕೊಂಡು ಹೋದೆ.

ಕೌಂಟರಿನ ಮಲಯಾಳಿ ನನ್ನನ್ನೂ ಕಾರ್ಟನನ್ನೂ ನೋಡಿದ. "ಪೋಲೆಂಡಿಗಾ? ಭಾಯಿ, ಚಳಿ ದೇಶದಲ್ಲಿ ಕಂಬಳಿ ಸಿಗುವುದಿಲ್ವಾ?"

"ಇಂಥ ಕಂಬಳಿ ಸಿಗುವುದಿಲ್ಲ" ಎಂದೆ.

ಅದು ಮಾತ್ರ ನಿಜವಾಗಿತ್ತು. ಸ್ಪ್ರೇ ಹೋಗುವುದಿಲ್ಲ ಎಂದು ಆತ ಹಗ್ಗ ಬಿಚ್ಚಿಸಿದ. ಉಪ್ಪಿನಕಾಯಿ ಹೋಗುವುದಿಲ್ಲ ಎಂದು ಇನ್ನೊಮ್ಮೆ ಬಿಚ್ಚಿಸಿದ. ಅಷ್ಟರಲ್ಲಿ ಭರಣಿಯ ಮುಚ್ಚಳ ಸಡಿಲವಾಗಿ ನನ್ನ ಅಂಗಿಯ ತುಂಬ ಉಪ್ಪಿನಕಾಯಿಯ ರಸ. ಸರದಿಯಲ್ಲಿ ನನ್ನ ಹಿಂದೆ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಹುಲಿ ಹೊರಟಿತು.

ಹನ್ನೆರಡು ದಿನ ಕಳೆದು ಶುಭಾಳ ಕಾಲ್ ಬಂತು. ನಾನು ಧನ್ಯವಾದ ಸ್ವೀಕರಿಸಲು ತಲೆ ಬಾಚಿಕೊಂಡು ಕುಳಿತೆ. ತೆರೆಯ ಮೇಲೆ ಅವಳು ಕಂಬಳಿಗೆ ಮುಖವೊತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಕ್ಕಾ, ಪೆಟ್ಟಿಗೆ ಬಿಚ್ಚಿದ ಕೂಡಲೇ ಆ ವಾಸನೆ! ಅಪ್ಪ ಬಹ್ರೇನಿನಿಂದ ಬರುವಾಗ ತರ್ತಿದ್ದ ಪೆಟ್ಟಿಗೆಯ ವಾಸನೆ! ಸಾಬೂನು, ಅತ್ತರು, ಎಲ್ಲಾ ಸೇರಿ ಬರುವುದಿಲ್ವಾ, ಅದೇ! ಎರಡು ದಿನದಿಂದ ನನಗೆ ಊಟ ಸೇರುವುದಿಲ್ಲ. ರಾಜೀನಾಮೆ ಬರೆದಿದ್ದೇನೆ. ಶುಕ್ರವಾರ ಡ್ಯೂಟಿ ಮುಗಿದ ಮೇಲೆ ಕೊಡ್ತೇನೆ."

ಮಾರ್ಚ್ ತನಕ ಹೇಗೋ ತಳ್ಳಬಹುದಾಗಿದ್ದ ಹುಡುಗಿಯನ್ನು ಶುಕ್ರವಾರಕ್ಕೇ ಮುಗಿಸಿದ ಕೀರ್ತಿ ನನ್ನ ಪಾಲಿಗೆ ಬಂತು. ಪ್ರಮೀಳಾ ಫೋನ್ ಇಟ್ಟು ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸುಮ್ಮನೆ ಇರ್ಲಿಕ್ಕೆ ನಿಮಗೆ ಎಂತ ಕಷ್ಟ?" ಎಂದು ಕೇಳಿದಳು, ಅಷ್ಟೇ. ಆಮೇಲೆ ಅಡುಗೆಮನೆಗೆ ಹೋಗಿ ಮುಸುರೆ ತಿಕ್ಕತೊಡಗಿದಳು. ಪಾತ್ರೆಗಳ ಸದ್ದಿನಲ್ಲಿ ಉಳಿದ ವಿಷಯವೆಲ್ಲ ಇತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಯಾದಾಗ ಬುದ್ಧಿವಂತರು ತೆಪ್ಪಗಾಗುತ್ತಾರೆ. ನಾನು ಯೋಜನೆ ಹಾಕಿದೆ.

ವಸ್ತು ಕಳಿಸಿದ್ದೇ ತಪ್ಪು, ಕಳಿಸಬೇಕಾದದ್ದು ವಿಚಾರ! ಶುಕ್ರವಾರ ನಮಗೆ ರಜೆ. ಚಳಿಗಾಲದಲ್ಲಿ ಇಲ್ಲಿಯ ಜನ ಮರುಭೂಮಿಗೆ ಹೋಗಿ ಗುಡಾರ ಹಾಕಿ ಕೂರುವುದು ವಾಡಿಕೆ. ಅಲ್ಲಿ, ಬಂಗಾರದಂಥ ಬಿಸಿಲಿನಲ್ಲಿ, ಗುಡಾರದ ಮುಂದೆ, ಬಿಸಿಬಿಸಿ ಗೋಳಿಬಜೆ ಬಾಣಲೆಯಲ್ಲಿ ಏಳುತ್ತಿರುವಾಗ, ನಾನು ಪಂಚೆ ಉಟ್ಟು ನಿಂತು, 'ಪರಸ್ಥಳದಲ್ಲಿ ಉಲ್ಲಾಸದಿಂದ ಬದುಕುವ ಬಗೆ' ಎಂಬ ವಿಷಯದ ಮೇಲೆ ಹತ್ತು ಅಂಶಗಳ ನೇರ ಭಾಷಣ ಮಾಡುವುದು. ನಮಗೆ ಎರಡು ಗಂಟೆಯಾಗುವಾಗ ಶುಭಾಳಿಗೆ ಹನ್ನೆರಡು ಗಂಟೆ, ಊಟದ ಬಿಡುವು. ಭಾಷಣ ಕೇಳಿದ ಮೇಲೆ ರಾಜೀನಾಮೆ ಕೊಡುವ ಧೈರ್ಯ ಯಾರಿಗುಂಟು?

ಶುಕ್ರವಾರ ಹೊರಡುವಾಗ ಮೇಲಿನ ಮಹಡಿಯ ಫೆಲಿಕ್ಸ್ ಲಿಫ್ಟಿನಲ್ಲಿ ಸಿಕ್ಕಿದ. ಆಸ್ಪತ್ರೆಯಲ್ಲಿ ನರ್ಸ್, ಮಂಗಳೂರು ಕಡೆಯವನೇ. "ಇವತ್ತು ಗಾಳಿ ಉಂಟಂತೆ ಸದಣ್ಣ, ಧೂಳು ಏಳ್ತದೆ. ನಿಮ್ಮ ಸಣ್ಣ ಕಾರು ಮರಳಿಗೆ ಹೋಗುವುದೂ ಇಲ್ಲ."

ನಾನು ತುಟಿಯ ಒಂದೇ ತುದಿಯಲ್ಲಿ ನಕ್ಕೆ. ನಿನ್ನೆ ಮೊನ್ನೆ ಇಲ್ಲಿ ವಾಸದ ಪರವಾನಗಿಯ ಇಕಾಮಾ ಹೊಡೆಸಿಕೊಂಡವನು ಇಪ್ಪತ್ತೆರಡು ವರ್ಷದವನಿಗೆ ಗಾಳಿಯ ಪಾಠ ಹೇಳುತ್ತಾನೆ!

ಕಾರು ಡಾಂಬರು ಬಿಟ್ಟು ಮೂವತ್ತು ಅಡಿ ಹೋಯಿತು. ಮತ್ತೆ ಹೋಗಲಿಲ್ಲ. ಚಕ್ರ ತಿರುಗಿಸಿದಷ್ಟೂ ಕೆಳಗಿಳಿಯಿತು.

"ಪಪ್ಪಾ, ವೀ ಆರ್ ಸ್ಟಕ್" ಎಂದಳು ಹಿಂದಿನ ಸೀಟಿನಿಂದ ಮಗಳು ಅನ್ವಿ. ಒಂಬತ್ತನೇ ತರಗತಿ. ಕನ್ನಡ, ತುಳು ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಸ್ಟಕ್ ಅಲ್ಲ, ಪಾರ್ಕಿಂಗ್" ಎಂದೆ. "ಜಾಗ ಇದೇ ಚೆಂದ ಉಂಟು."

ಜಾಗದಲ್ಲಿ ಚೆಂದ ಏನೂ ಇರಲಿಲ್ಲ. ಬಂಗಾರದ ಬಿಸಿಲಿನ ಬದಲು ಆಕಾಶವೆಲ್ಲ ಮಣ್ಣಿನ ಬಣ್ಣ. ಎಲುಬಿಗೆ ಇಳಿಯುವ ಗಾಳಿ. ಹೊಸ ಗುಡಾರ ಚೀಲದಿಂದ ತೆಗೆದ ಕೂಡಲೇ ತಾನಾಗಿ ಬಿಚ್ಚಿಕೊಳ್ಳುವ ಜಾತಿಯದು. ಬಿಚ್ಚಿಕೊಂಡು ನನ್ನ ಮೂಗಿಗೆ ಹೊಡೆಯಿತು. ಅದರ ಗೂಟಗಳನ್ನು ಮರಳಿಗೆ ಚುಚ್ಚಿದೆ. ಬೆಣ್ಣೆಗೆ ಕಡ್ಡಿ ಚುಚ್ಚಿದಷ್ಟು ಸಲೀಸಾಗಿ ಒಳಗೆ ಹೋದವು. ಅಷ್ಟು ಸಲೀಸಾಗಿ ಒಳಗೆ ಹೋದದ್ದು ಅಷ್ಟೇ ಸಲೀಸಾಗಿ ಹೊರಗೂ ಬರಬಹುದು ಎಂಬುದು ನನಗೆ ಹೊಳೆಯಲಿಲ್ಲ. ಪ್ರಮೀಳಾ ಕಾರಿನ ಮರೆಯಲ್ಲಿ ಗ್ಯಾಸ್ ಒಲೆ ಹಚ್ಚಿ, ಹಿಟ್ಟಿನ ಪಾತ್ರೆಯ ಮೇಲೆ ಸೆರಗು ಮುಚ್ಚಿಕೊಂಡು ಕುಳಿತಿದ್ದಳು.

ಸರಿಯಾಗಿ ಎರಡು ಗಂಟೆಗೆ ಅನ್ವಿ ಫೋನ್ ಹಿಡಿದು ಕಾಲ್ ಹಚ್ಚಿದಳು. ಶುಭಾಳ ಬಾಡಿದ ಮುಖ ಕಂಡಿತು. ಅವಳ ಹಿಂದೆ ಲಾಂಡ್ರಿಯ ಹೆಂಗಸರು ಬೆನ್ನು ತಿರುಗಿಸಿ ಊಟ ಮಾಡುತ್ತಿದ್ದರು. ನಾನು ಶಾಲು ಸರಿಪಡಿಸಿಕೊಂಡು, ಪಂಚೆಯ ಕೆಳಗಿಂದ ಇಣುಕುತ್ತಿದ್ದ ಉಣ್ಣೆಯ ಕಾಲುಚೀಲವನ್ನು ಮರಳಿನಲ್ಲಿ ಹುದುಗಿಸಿ, ಗಂಟಲು ಸರಿಮಾಡಿಕೊಂಡೆ.

"ಪ್ರಿಯ ಶುಭಾ! ಒಂದನೆಯ ಅಂಶ. ಹೊರಗೆ ಏನೇ ಆಗಲಿ, ಮನುಷ್ಯ ನಿಂತಲ್ಲಿ ಗಟ್ಟಿಯಾಗಿ ನಿಲ್ಲಬೇಕು!"

ಗುಡಾರದ ಎರಡು ಗೂಟ ಎದ್ದು ಬಂದವು.

"ಎರಡನೆಯ ಅಂಶ. ಗಾಳಿ ಬಂತೆಂದು ಓಡುವವನು ಹೇಡಿ!"

ಗುಡಾರ ಹಾರಿತು. ನಾನು ಓಡಿದೆ!

ಸೊಂಟದಿಂದ ಪಂಚೆ ಬಿಚ್ಚಿಕೊಂಡದ್ದು ಇಪ್ಪತ್ತನೆಯ ಹೆಜ್ಜೆಗೆ. ಚಳಿಯನ್ನು ಲೆಕ್ಕಿಸದ ಈ ವೀರ ಒಳಗೆ ಹೆಂಡತಿಯ ಹಳೆಯ ಉಣ್ಣೆಯ ಪೈಜಾಮ ತೊಟ್ಟಿದ್ದರಿಂದ ಮಾನ ಉಳಿಯಿತು. ಅದರ ಮೇಲೆ ಗುಲಾಬಿ ಹೂವುಗಳಿದ್ದವು ಎಂಬುದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಮುಂದೆ ಗುಡಾರ, ಅದರ ಹಿಂದೆ ಪಂಚೆ, ಪಂಚೆಯ ಹಿಂದೆ ನಾನು. ನನ್ನ ಹಿಂದೆ ಫೋನ್ ಹಿಡಿದ ಮಗಳು! ನಿಲ್ಲಿಸೆಂದು ಕಿರುಚಿದೆ. ಮರಳಿನಲ್ಲಿ ಕಾಲು ಹೂತು ಐದು ಸಲ ಬೋರಲು ಬಿದ್ದೆ. ಎದ್ದಾಗಲೆಲ್ಲ, ಶುಭಾ ಕಾಯುತ್ತಿದ್ದಾಳಲ್ಲ ಎಂದು ಫೋನಿನ ಕಡೆ ತಿರುಗಿ ಮುಂದಿನ ಅಂಶ ಕೂಗಿ ಹೇಳಿ ಮತ್ತೆ ಓಡಿದೆ. ಬಿಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ. ಆ ಹುಡುಗಿಯ ಚೀಲದಲ್ಲಿ ರಾಜೀನಾಮೆ ಪತ್ರ ಇತ್ತಲ್ಲ.

ದೂರದಲ್ಲಿ ಒಂದು ಕುವೈತಿ ಕುಟುಂಬದ ದೊಡ್ಡ ಗುಡಾರವಿತ್ತು. ನಮ್ಮದು ನೇರ ಹೋಗಿ ಅವರ ಚಹಾದ ಚಾಪೆಯ ಮೇಲೆ ಇಳಿಯಿತು. ಬಿಳಿ ಗಡ್ಡದ ಹಿರಿಯರೊಬ್ಬರು ಅದರ ಮೇಲೆ ಕಾಲಿಟ್ಟು ಹಿಡಿದು, ಮುರುಕು ಹಿಂದಿಯಲ್ಲಿ ಗಂಭೀರವಾಗಿ ಹೇಳಿದರು. "ಭಾಯಿ, ಯೇ ಖೈಮಾ ನಹೀಂ. ಯೇ ಪತಂಗ್."

ಗುಡಾರವಲ್ಲವಂತೆ, ಗಾಳಿಪಟವಂತೆ. ಮನೆಮಂದಿಯೆಲ್ಲ ನಕ್ಕರು. ಆಮೇಲೆ ನನ್ನ ಕೈಗೆ ಒಂದು ಲೋಟ ಚಹಾ ಕೊಟ್ಟು, ಯಲ್ಲಾ, ಹೊರಡಿ ಎಂದು ಅವರ ದೊಡ್ಡ ಗಾಡಿ ತಂದು, ನನ್ನ ಪಾರ್ಕಿಂಗನ್ನು ಹಗ್ಗ ಕಟ್ಟಿ ಎಳೆದು ಡಾಂಬರಿಗೆ ಬಿಟ್ಟರು. ಹಗ್ಗ ಕಟ್ಟುತ್ತಿರುವಾಗ ನಾನು ಧೂಳು ಮೆತ್ತಿದ ಮುಖದಲ್ಲಿ ಎಂಟು, ಒಂಬತ್ತು, ಹತ್ತನೆಯ ಅಂಶಗಳನ್ನು ಹೇಳಿ ಮುಗಿಸಿ, ಫೋನಿಗೆ ಕೈಮುಗಿದೆ. ತೆರೆಯ ಮೇಲೆ ಶುಭಾ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೆಗಲು ಕುಲುಕುತ್ತಿತ್ತು. ಕಣ್ಣಿಂದ ನೀರು ಧಾರಾಕಾರ! ಅವಳ ಹಿಂದೆ ಐವರು ಹೆಂಗಸರು ಮೇಜು ಬಿಟ್ಟು ಎದ್ದು ಬಂದು ಒತ್ತಿಕೊಂಡು ನಿಂತಿದ್ದರು. ಅಷ್ಟರಲ್ಲಿ ಫೋನ್ ಸತ್ತಿತು.

"ಕಂಡಿಯಾ? ಭಾಷಣ ಮನಸ್ಸಿಗೆ ನಾಟಿದೆ" ಎಂದೆ ಪ್ರಮೀಳಾಳಿಗೆ. ಅವಳು ಒಂದು ಗೋಳಿಬಜೆ ಕೊಟ್ಟಳು. ಕಚ್ಚಿದರೆ ಕರಕರ. ಮೊದಲ ಸಲ ಗೋಳಿಬಜೆ ಇಷ್ಟು ಗರಿಗರಿಯಾಗಿದೆ ಎಂದು ಹೊಗಳಿದೆ. ಮರಳು ಎಂದಳು.

ಶನಿವಾರ ಬೆಳಿಗ್ಗೆ ಶುಭಾ ಕಾಲ್ ಮಾಡಿದಳು. ಎಷ್ಟೋ ವಾರಗಳಲ್ಲಿ ಮೊದಲ ಬಾರಿ ಅವಳ ಮುಖದಲ್ಲಿ ಕಳೆ ಇತ್ತು.

"ಅಕ್ಕಾ, ರಾಜೀನಾಮೆ ಹರಿದು ಹಾಕಿದೆ! ನಿನ್ನೆ ಆ ಹೆಂಗಸರು ನನ್ನ ಹಿಂದೆ ಬಂದು ನಿಂತು, ನಕ್ಕು ನಕ್ಕು ಒಬ್ಬಳು ಇಸ್ತ್ರಿ ಮಾಡಿಟ್ಟ ಬಟ್ಟೆಯ ರಾಶಿಯ ಮೇಲೇ ಕೂತಳು. ಇವರು ಯಾರು ಅಂತ ಕೈಸನ್ನೆಯಲ್ಲಿ ಕೇಳಿದರು. ನನ್ನ ಭಾವ ಅಂತ ಹೇಳಿದೆ. ಹಲೀನಾ ಅಂತ ಒಬ್ಬರು ಅಜ್ಜಿ, ಅಲ್ಲಿಯವರೆಗೆ ನನ್ನ ಮುಖವೇ ನೋಡದವರು, ಕಣ್ಣೊರೆಸಿಕೊಂಡು ನನ್ನನ್ನು ತಬ್ಬಿಕೊಂಡರು. ಅವರ ಗಂಡನೂ ಹೀಗೇ ಅಂತೆ. ನಾಳೆ ಸೂಪು ಕುಡಿಯಲಿಕ್ಕೆ ಮನೆಗೆ ಕರೆದಿದ್ದಾರೆ. ಇನ್ನು ಮಾರ್ಚ್ ಏನು, ಮತ್ತೊಂದು ಚಳಿಗಾಲವೂ ಕಳೆಯುತ್ತೇನೆ."

ಪ್ರಮೀಳಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅಂಗಿಯ ತೋಳಿಗೆ ಕಣ್ಣೊತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೆ ಭಾಷಣಕಾರನಿಗೆ ಅಷ್ಟರಲ್ಲಿ ತೃಪ್ತಿ ಎಲ್ಲಿಯದು? ಫೋನನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಶುಭಾ, ಸಂಕೋಚ ಬೇಡ, ನಿಜ ಹೇಳು. ಹತ್ತರಲ್ಲಿ ನಿನ್ನನ್ನು ಬದಲಾಯಿಸಿದ್ದು ಎಷ್ಟನೆಯ ಅಂಶ?"

ಅವಳು ಅಕ್ಕನ ಕಡೆ ನೋಡಿದಳು. ಮತ್ತೆ ನನ್ನ ಕಡೆ ನೋಡಿದಳು.

"ಯಾವ ಅಂಶ ಭಾವ? ಗಾಳಿಯ ಗುಂಯ್ ಅನ್ನುವ ಸದ್ದು ಬಿಟ್ಟರೆ ಒಂದು ಅಕ್ಷರವೂ ಕೇಳಲಿಲ್ಲ. ನೀವು ಮಾತಾಡಿದಿರಾ?"

ನಾನು ಬಾಯಿ ತೆರೆಯುವ ಮೊದಲೇ ಪ್ರಮೀಳಾ ಫೋನ್ ಕಸಿದುಕೊಂಡಳು.

"ದೇವರು ದೊಡ್ಡವನು" ಎಂದಳು. "ಕೇಳಿಸಿದ್ದರೆ ನೀನು ನಿನ್ನೆಯೇ ವಿಮಾನ ಹತ್ತುತ್ತಿದ್ದೆ!"